ನಾಲ್ಕು ವರ್ಷ ಬಳಸಿದ ಜಿಪಿಎಸ್ ಲಾಗರ್: ರಸ್ತೆಯ ಸೇವಾ ಮಟ್ಟ ಅಳೆಯಲು ಎಷ್ಟು ಯೋಗ್ಯ?

ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳೊಡನೆ ಬೆಂಗಳೂರಿನ ರಸ್ತೆಗಳ ಸೇವಾ ಮಟ್ಟವನ್ನು, ಎಂದರೆ ವಾಹನಗಳು ಎಷ್ಟು ಸರಾಗವಾಗಿ ಸಾಗುತ್ತವೆ ಎಂಬುದರ ದರ್ಜೆಯನ್ನು, ಅಳೆಯುವುದಕ್ಕಾಗಿ ನಾನು ಈ ಜಿಪಿಎಸ್ ಲಾಗರನ್ನು ಕೊಂಡು ನಾಲ್ಕು ವರ್ಷಗಳಾದವು. ಇದೇ ಬಗೆಯ ಪೆಟ್ಟಿಗೆಗಳು ಹಲವು ಹೆಸರುಗಳಲ್ಲಿ ಸಿಗುವುದರಿಂದ ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಇದು ಸೆಕೆಂಡಿಗೊಮ್ಮೆ ಸ್ಥಳ, ಸಮಯ ಮತ್ತು ವೇಗವನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತದೆ, ಬೇರೇನೂ ಮಾಡುವುದಿಲ್ಲ. ಮೊದಲು ಒಬ್ಬರು ಕಾರು ಓಡಿಸಿ, ಮತ್ತೊಬ್ಬರು ಸ್ಟಾಪ್‌ವಾಚ್ ಹಿಡಿದು, ಮೂರನೆಯವರು ಪ್ರತಿ ಸಿಗ್ನಲ್ಲಿನಲ್ಲಿ ನಿಂತ ಹೊತ್ತನ್ನು ಹಾಳೆಯಲ್ಲಿ ಗುರುತಿಸಿಕೊಳ್ಳುತ್ತಿದ್ದ ಕೆಲಸವನ್ನು ಈಗ ಚಾಲಕರೊಬ್ಬರೇ ಮುಗಿಸಬಹುದು ಎಂಬುದೇ ಇದರ ದೊಡ್ಡ ಗುಣ.

ಮೊದಲ ತಿಂಗಳಿನಲ್ಲಿ ನಾವು ಪಟ್ಟ ಪಾಡಿಗೆ ಅರ್ಧದಷ್ಟು ನಮ್ಮ ಅಜ್ಞಾನವೇ ಕಾರಣ. ಕಡತದಲ್ಲಿರುವ ವೇಗ ಕಿಲೋಮೀಟರಿನಲ್ಲಿರುವುದಿಲ್ಲ, ಹಡಗಿನವರ ನಾಟ್‌ಗಳಲ್ಲಿರುತ್ತದೆ, ಅದನ್ನು 1.852ರಿಂದ ಗುಣಿಸಬೇಕು. ಸಮಯವೂ ನಮ್ಮದಲ್ಲ, ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಸಂಜೆ ಆರರ ದಟ್ಟಣೆಯನ್ನು ಮಧ್ಯಾಹ್ನ ಹನ್ನೆರಡೂವರೆಯದೆಂದು ಬರೆದ ಒಂದು ವರದಿ ಇನ್ನೂ ನನ್ನ ಕಪಾಟಿನಲ್ಲಿದೆ. ಕೈಪಿಡಿಯಲ್ಲಿ ಈ ಎರಡು ಮಾತುಗಳನ್ನು ಎದ್ದು ಕಾಣುವಂತೆ ಅಚ್ಚುಹಾಕಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ.

ಇನ್ನು ಮುಖ್ಯ ವಿಷಯ. ರಸ್ತೆಯ ಸೇವೆಗೆ 'ಎ'ಯಿಂದ 'ಎಫ್'ವರೆಗೆ ದರ್ಜೆ ಕೊಡುವ ಪದ್ಧತಿ ಅಮೆರಿಕದ ಹೈವೇ ಕೆಪಾಸಿಟಿ ಮ್ಯಾನುಯಲ್‌ನ 1965ರ ಆವೃತ್ತಿಯಿಂದ ಬಂದದ್ದು. ನಮ್ಮಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಐಆರ್‌ಸಿ 106 ಮಾರ್ಗಸೂಚಿ ಅದನ್ನೇ ನಗರದ ರಸ್ತೆಗಳಿಗೆ ಅನ್ವಯಿಸಿತು: ಸರಾಸರಿ ಪ್ರಯಾಣ ವೇಗವು ಮುಕ್ತ ಹರಿವಿನ ವೇಗದ ಸುಮಾರು ಶೇ 90ರಷ್ಟಿದ್ದರೆ 'ಎ', 70ರಷ್ಟಿದ್ದರೆ 'ಬಿ', 50ಕ್ಕೆ 'ಸಿ', 40ಕ್ಕೆ 'ಡಿ', ಮೂರನೇ ಒಂದಕ್ಕೆ 'ಇ', ಅದಕ್ಕೂ ಕೆಳಗಿಳಿದರೆ 'ಎಫ್'. ಅಂದರೆ ದರ್ಜೆ ನಿಂತಿರುವುದು ಒಂದು ಭಾಗಾಕಾರದ ಮೇಲೆ, ಮತ್ತು ಲಾಗರ್ ನಿಷ್ಠೆಯಿಂದ ಕೊಡುವುದು ಅದರ ಮೇಲಿನ ಅಂಕಿಯನ್ನು ಮಾತ್ರ. ಕೆಳಗಿನ ಅಂಕಿಯನ್ನು, ಎಂದರೆ ಅಡ್ಡಿಯೇ ಇಲ್ಲದಾಗ ಆ ರಸ್ತೆಯಲ್ಲಿ ಎಷ್ಟು ವೇಗ ಸಾಧ್ಯ ಎಂಬುದನ್ನು, ನಾವೇ ನಿರ್ಧರಿಸಬೇಕು. ಸಂಜೆಯ ವೇಗ ಗಂಟೆಗೆ 18 ಕಿಲೋಮೀಟರ್ ಎಂದುಕೊಳ್ಳಿ. ಮುಕ್ತ ವೇಗವನ್ನು 45 ಎಂದು ಹಿಡಿದರೆ ರಸ್ತೆ 'ಡಿ' ಆಗುತ್ತದೆ. ಬೆಳಗಿನ ಜಾವ ಐದಕ್ಕೆ ಖಾಲಿ ರಸ್ತೆಯಲ್ಲಿ ಹುರುಪಿನ ವಿದ್ಯಾರ್ಥಿಯೊಬ್ಬ ಓಡಿಸಿ ತಂದ 60ನ್ನು ಹಿಡಿದರೆ ಅದೇ ರಸ್ತೆ, ಅದೇ ಸಂಜೆ, 'ಎಫ್'. ಈಗ ನಾವು ಮುಕ್ತ ವೇಗಕ್ಕಾಗಿ ಬೇರೆ ಬೇರೆ ಚಾಲಕರನ್ನು ಕಳಿಸಿ, ಸಿಗ್ನಲ್ಲಿನಿಂದ ದೂರದ ನಡುಭಾಗದ ವೇಗವನ್ನಷ್ಟೇ ಆಯ್ದುಕೊಳ್ಳುತ್ತೇವೆ.

ಜತೆಗೆ ಬರುವ ತಂತ್ರಾಂಶದ ಮೇಲೆ ನನಗಿರುವ ದೂರು ಇಲ್ಲಿಯೇ. ಅದು 'ಸರಾಸರಿ ವೇಗ' ಎಂದು ತೋರಿಸುವುದು ಬೇರೆ ಬೇರೆ ಓಟಗಳ ವೇಗವನ್ನು ಕೂಡಿಸಿ ಭಾಗಿಸಿದ ಸಂಖ್ಯೆ. ಒಂದು ಕಿಲೋಮೀಟರನ್ನು ಒಮ್ಮೆ 60ರಲ್ಲಿ, ಮತ್ತೊಮ್ಮೆ 20ರಲ್ಲಿ ಕ್ರಮಿಸಿದರೆ ಅದರ ಲೆಕ್ಕಕ್ಕೆ 40 ಬರುತ್ತದೆ. ಆದರೆ ಎರಡು ಕಿಲೋಮೀಟರಿಗೆ ಒಟ್ಟು ನಾಲ್ಕು ನಿಮಿಷ ಹಿಡಿದಿರುವುದರಿಂದ ನಿಜವಾದ ಪ್ರಯಾಣ ವೇಗ 30. ಸೇವಾ ಮಟ್ಟಕ್ಕೆ ಬೇಕಾದದ್ದು ಒಟ್ಟು ದೂರವನ್ನು ಸಿಗ್ನಲ್ಲಿನಲ್ಲಿ ನಿಂತ ಹೊತ್ತೂ ಸೇರಿದ ಒಟ್ಟು ಸಮಯದಿಂದ ಭಾಗಿಸಿದ ಸಂಖ್ಯೆ. ಎರಡನೇ ವರ್ಷದಿಂದ ನಾವು ಆ ತಂತ್ರಾಂಶವನ್ನು ಮುಟ್ಟಿಲ್ಲ. ಕಚ್ಚಾ ಕಡತವನ್ನು ಸ್ಪ್ರೆಡ್‌ಶೀಟಿಗೆ ಹಾಕಿ ನಾವೇ ಲೆಕ್ಕ ಹಾಕುತ್ತೇವೆ.

ತೆರೆದ ಆಕಾಶದಡಿ ಇದರ ವೇಗದ ಅಳತೆಯ ಬಗ್ಗೆ ನನಗೆ ತಕರಾರಿಲ್ಲ. ನಿಂತಾಗ ಮಾತ್ರ ಸ್ಥಳದ ಗುರುತು ಅತ್ತಿತ್ತ ಸರಿದು ಗಂಟೆಗೆ ಒಂದೆರಡು ಕಿಲೋಮೀಟರ್ ವೇಗ ತೋರಿಸುತ್ತದೆ. ಆದ್ದರಿಂದ ಐದಕ್ಕಿಂತ ಕಡಿಮೆ ಇರುವುದನ್ನೆಲ್ಲ ನಿಂತದ್ದೆಂದೇ ಪರಿಗಣಿಸುತ್ತೇವೆ. ಆದರೆ ಕನಕಪುರ ರಸ್ತೆಯಲ್ಲಿ ಮೆಟ್ರೋ ಮಾರ್ಗದಡಿ ಹೋಗುವಾಗ ಉಪಗ್ರಹದ ಸಂಕೇತ ಕಾಂಕ್ರೀಟಿಗೆ ಬಡಿದು ತಿರುಗಿ ಬರುವುದರಿಂದ ನಕ್ಷೆಯಲ್ಲಿ ನಮ್ಮ ಕಾರು ಪಕ್ಕದ ಕಟ್ಟಡಗಳ ಒಳಗೆ ನುಗ್ಗಿ ಹೊರಬಂದಂತೆ ಕಾಣುತ್ತದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗಿನ ಡಬಲ್ ಡೆಕ್ಕರ್ ಮೇಲ್ಸೇತುವೆ 2024ರಲ್ಲಿ ತೆರೆದ ಮೇಲಂತೂ ಪರಿಸ್ಥಿತಿ ಇನ್ನೂ ವಿಚಿತ್ರವಾಯಿತು. ಕೆಳಗೆ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ಮೆಟ್ರೋ. ಅಕ್ಷಾಂಶ ರೇಖಾಂಶಗಳು ಮೂರಕ್ಕೂ ಒಂದೇ. ಎತ್ತರದ ಅಳತೆಯಲ್ಲಿ ಜಿಪಿಎಸ್ ಎಂದೂ ದುರ್ಬಲ. ಕಾರು ಯಾವ ಅಂತಸ್ತಿನಲ್ಲಿತ್ತು ಎಂಬುದು ಕಡತದಿಂದ ತಿಳಿಯದ ಕಾರಣ ಸ್ಟಾಪ್‌ವಾಚೂ ಹಾಳೆಯೂ ಅಲ್ಲಿಗೆ ಮರಳಿ ಬಂದಿವೆ.

ಸಾಧನದ ತಪ್ಪಲ್ಲದಿದ್ದರೂ ಕೊಳ್ಳುವವರು ಯೋಚಿಸಬೇಕಾದ ಮತ್ತೊಂದು ಸಂಗತಿಯಿದೆ. ಲಾಗರ್ ಅಳೆಯುವುದು ತಾನು ಕುಳಿತ ವಾಹನದ ವೇಗವನ್ನೇ ಹೊರತು ರಸ್ತೆಯ ವೇಗವನ್ನಲ್ಲ. ಅದನ್ನು ಸ್ಕೂಟರಿನವರ ಜೇಬಿಗೆ ಹಾಕಿ ಕಳಿಸಿದ ದಿನ, ಅವರು ಕಾರುಗಳ ಸಂದಿಯಲ್ಲಿ ನುಸುಳಿ ಸಿಗ್ನಲ್ಲಿನ ಮುಂಚೂಣಿಗೆ ಹೋಗಿಬಿಡುವುದರಿಂದ, ರಸ್ತೆಗೆ ಒಳ್ಳೆಯ ದರ್ಜೆ ಬಂತು. ಬಿಎಂಟಿಸಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಇಟ್ಟುಕೊಂಡು ಹೋದಾಗ ನಿಲ್ದಾಣಗಳಲ್ಲಿ ಕಳೆದ ಹೊತ್ತೂ ಸೇರಿ ಅದೇ ರಸ್ತೆ ಕೆಳದರ್ಜೆಗೆ ಇಳಿಯಿತು. ಈಗ ವರದಿಯ ಪ್ರತಿ ಸಾಲಿನಲ್ಲೂ ವಾಹನ ಯಾವುದೆಂದು ಬರೆಯುತ್ತೇವೆ. ರಸ್ತೆ ದಾಟಲು ಕಾದು ನಿಂತವರಿಗೆ ಯಾವ ದರ್ಜೆಯ ಸೇವೆ ಸಿಕ್ಕಿತು ಎಂಬುದು ಯಾವ ಕಾರ್ಡಿನಲ್ಲೂ ದಾಖಲಾಗಿಲ್ಲ.

ಬ್ಯಾಟರಿ ಈಗ ಎರಡು ಗಂಟೆಗಿಂತ ಹೆಚ್ಚು ಬರುವುದಿಲ್ಲ. ಕಾರಿನ ಚಾರ್ಜರಿಗೆ ಸಿಕ್ಕಿಸಿಯೇ ಓಡಿಸಬೇಕು. ಮಾರಾಟಗಾರರು ಬದಲಿ ಬ್ಯಾಟರಿ ಕಳಿಸುತ್ತೇವೆಂದು ಹೇಳಿ ಏಳು ತಿಂಗಳಾಯಿತು. ಒಂದೆರಡು ರಸ್ತೆಗಳನ್ನಷ್ಟೇ ಅಳೆಯುವವರಿಗೆ ಮೊಬೈಲ್ ಸಾಕು, ಆದರೆ ಬ್ಯಾಟರಿ ಉಳಿಸುವ ನೆಪದಲ್ಲಿ ಅದು ದಾಖಲಾತಿಯನ್ನು ಅರ್ಧದಲ್ಲೇ ನಿಲ್ಲಿಸದಂತೆ ನೋಡಿಕೊಳ್ಳಬೇಕು. ಹತ್ತಾರು ಓಟಗಳ ಸಮೀಕ್ಷೆಗೆ ನಾನು ಮತ್ತೆ ಲಾಗರನ್ನೇ ಕೊಳ್ಳುತ್ತೇನೆ, ಈ ಬಾರಿ ಬ್ಯಾಟರಿಯನ್ನು ನಾವೇ ಬಿಚ್ಚಿ ಬದಲಿಸಬಹುದಾದದ್ದನ್ನು.