ಬೊಂಬೆ ಅಂಗಡಿಯ ಪುಟಾಣಿ ಮಿಠಾಯಿಗೆ ಯಾವ ಕ್ಲೇ? ಮೂರನ್ನೂ ಬಳಸಿ ನೋಡಿದ ಹೋಲಿಕೆ

ನವರಾತ್ರಿಯ ಬೊಂಬೆ ಸಾಲಿನಲ್ಲಿ ಶೆಟ್ಟರು-ಶೆಟ್ಟಮ್ಮನ ಅಂಗಡಿಗೆ ಅಕ್ಕಿ, ಬೇಳೆ, ಬೆಲ್ಲ ಇಡುವುದು ಹಳೆಯ ರೂಢಿ. ಅದರ ಪಕ್ಕದಲ್ಲಿ ಒಂದು ಮಿಠಾಯಿ ಅಂಗಡಿಯನ್ನೂ ತೆರೆಯೋಣ ಎಂದು ಹೊರಟವರು ನಿಜವಾದ ಸಿಹಿಯನ್ನೇ ಚೂರು ಮಾಡಿ ಇಟ್ಟರೆ ಪಾಡ್ಯದಿಂದ ವಿಜಯದಶಮಿಯವರೆಗೆ ಇರುವೆಗಳೊಡನೆ ಹೆಣಗಬೇಕಾಗುತ್ತದೆ. ಆದ್ದರಿಂದ ಕ್ಲೇಯಲ್ಲಿ ಮಾಡಿದ ಹುಸಿ ಸಿಹಿಗಳೇ ಅನುಕೂಲ. ಇದಕ್ಕಾಗಿ ನಾನು ಮೂರು ಬಗೆಯ ಕ್ಲೇ ಬಳಸಿದ್ದೇನೆ: ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ, ಗಾಳಿಗೆ ಒಣಗುವ ಏರ್ ಡ್ರೈ ಕ್ಲೇ, ಕಾರ್ನ್‌ಫ್ಲೋರ್ ಮತ್ತು ಫೆವಿಕಾಲ್ ಕಾಯಿಸಿ ಮನೆಯಲ್ಲೇ ಮಾಡಿಕೊಳ್ಳುವ ಕೋಲ್ಡ್ ಪೋರ್ಸೆಲಿನ್, ಓವನ್‌ನಲ್ಲಿ ಬೇಯಿಸುವ ಪಾಲಿಮರ್ ಕ್ಲೇ. ನನ್ನ ಒಲವು ಕೊನೆಯದರ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಮಾತುಗಳಲ್ಲಿ ಅದನ್ನು ಮುಚ್ಚಿಡುವುದು ಹೇಗೂ ಆಗದ ಕೆಲಸ.

ಪಾಲಿಮರ್ ಕ್ಲೇ ದುಬಾರಿ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆಮದಾಗಿ ಬರುವ ಫಿಮೊ, ಸ್ಕಲ್ಪಿ ಮುಂತಾದ ಬ್ರಾಂಡುಗಳ 57 ಗ್ರಾಂ ಬಿಲ್ಲೆಯೊಂದರ ಬೆಲೆಗೆ ವರ್ಷಕ್ಕಾಗುವಷ್ಟು ಕಾರ್ನ್‌ಫ್ಲೋರ್ ತರಬಹುದು ಎಂಬುದೂ ನಿಜ. ಆದರೆ ಬೆಲೆಯನ್ನು ಬಿಲ್ಲೆಯ ಲೆಕ್ಕದಲ್ಲಿ ನೋಡದೆ ಲಾಡುವಿನ ಲೆಕ್ಕದಲ್ಲಿ ನೋಡಬೇಕು. ಆರು ಸೆಂಟಿಮೀಟರ್ ಅಗಲದ ನಿಜವಾದ ಲಾಡು, ಬೊಂಬೆಮನೆಗಳಿಗೆ ಸಾಮಾನ್ಯವಾಗಿ ಬಳಸುವ 1:12 ಅಳತೆಯಲ್ಲಿ ಐದು ಮಿಲಿಮೀಟರಿಗೆ ಇಳಿಯುತ್ತದೆ. ಒಂದು ಬಿಲ್ಲೆಯಲ್ಲಿ ಅಂಥ ನಾನೂರಕ್ಕೂ ಹೆಚ್ಚು ಲಾಡುಗಳಾಗುತ್ತವೆ. ನಮ್ಮ ಮನೆಯ ಶೆಟ್ಟರು ಕುಳಿತ ಭಂಗಿಯಲ್ಲೇ ಹದಿನೈದು ಸೆಂಟಿಮೀಟರ್ ಎತ್ತರವಿರುವುದರಿಂದ ಅವರಿಗೆ 1:6 ಅಳತೆಯೇ ಒಪ್ಪುತ್ತದೆ, ಆಗ ಲಾಡು ಒಂದು ಸೆಂಟಿಮೀಟರ್ ಆಗಬೇಕು. ಅಗಲ ಎರಡು ಪಟ್ಟಾದರೆ ಹಿಡಿಯುವ ಕ್ಲೇ ಎಂಟು ಪಟ್ಟಾಗುತ್ತದೆ ಎಂಬುದನ್ನು ಗಮನಿಸದಿದ್ದರೆ ಬಜೆಟ್ ತಪ್ಪುವುದು ಇಲ್ಲೇ. ಹಾಗಿದ್ದರೂ ಬಿಲ್ಲೆಗೆ ಐವತ್ತಕ್ಕೂ ಹೆಚ್ಚು ಲಾಡು ಸಿಗುತ್ತವೆ, ಒಂದು ತಟ್ಟೆ ತುಂಬಲು ಅದು ಧಾರಾಳವಾಯಿತು. ಗೋಪುರದಂತೆ ಪೇರಿಸುವುದಾದರೆ ಒಳಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆಯಿಟ್ಟು ಹೊರಮೈಗೆ ಮಾತ್ರ ಲಾಡು ಕೂರಿಸಿದರೆ ಅರ್ಧದಷ್ಟು ಉಳಿತಾಯವಾಗುತ್ತದೆ.

ಏರ್ ಡ್ರೈ ಕ್ಲೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರೊಳಗಿನ ನೀರು ಹೋಗುತ್ತಿದ್ದಂತೆ ಅಂಚುಗಳು ಬಿರುಕು ಬಿಡುತ್ತವೆ, ಪೊಟ್ಟಣ ಒಮ್ಮೆ ಬಿಚ್ಚಿದ ಮೇಲೆ ಎಷ್ಟೇ ಬಿಗಿಯಾಗಿ ಕಟ್ಟಿಟ್ಟರೂ ಮಿಕ್ಕದ್ದು ಗಟ್ಟಿಯಾಗುತ್ತದೆ. ಮಕ್ಕಳು ಇಷ್ಟಪಡುವ, ಹತ್ತಿಯಷ್ಟು ಹಗುರವಾದ ಸೂಪರ್ ಲೈಟ್ ಕ್ಲೇ ರಸಗುಲ್ಲಾಕ್ಕೆ ಚೆನ್ನಾಗಿ ಒದಗುತ್ತದೆ; ಬರ್ಫಿ ಕತ್ತರಿಸಲು ಹೋದರೆ ಬ್ಲೇಡಿನ ಜೊತೆಯಲ್ಲೇ ಎಳೆದುಕೊಂಡು ಬಂದು ಅಂಚೇ ಇಲ್ಲದಂತಾಗುತ್ತದೆ.

ನಿಜವಾದ ಎದುರಾಳಿ ಕೋಲ್ಡ್ ಪೋರ್ಸೆಲಿನ್. ಒಂದು ಬಟ್ಟಲು ಕಾರ್ನ್‌ಫ್ಲೋರ್‌ಗೆ ಒಂದು ಬಟ್ಟಲು ಫೆವಿಕಾಲ್, ಒಂದೆರಡು ಚಮಚ ಎಣ್ಣೆ, ಅಷ್ಟೇ ನಿಂಬೆರಸ ಅಥವಾ ವಿನೆಗರ್ ಸೇರಿಸಿ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ತಳ ಬಿಡುವವರೆಗೆ ಕೈಯಾಡಿಸಿ, ಬಿಸಿ ಇರುವಾಗಲೇ ನಾದಿದರೆ ಹಿಟ್ಟು ಸಿದ್ಧ. ಒಣಗಿದ ಮೇಲೆ ಅದಕ್ಕೆ ಬರುವ ಅರೆಪಾರದರ್ಶಕ ಗುಣ ನಮ್ಮ ಸಿಹಿಗಳಿಗೆ ಹೇಳಿ ಮಾಡಿಸಿದಂತಿದೆ: ಕಾಶಿ ಹಲ್ವಾದ ಎಳೆಗಳು, ಹೂರಣ ಮಸುಕಾಗಿ ಕಾಣುವ ಹೋಳಿಗೆಯ ಕಣಕ, ಪಾಕ ಹೀರಿದ ಜಿಲೇಬಿ ಇವೆಲ್ಲ ಇದರಲ್ಲಿ ಬಂದಷ್ಟು ಸಲೀಸಾಗಿ ಪಾಲಿಮರ್ ಕ್ಲೇಯಲ್ಲಿ ಬರುವುದಿಲ್ಲ. ತೆಳುವಾಗಿ ಲಟ್ಟಿಸಿದರೂ ಹರಿಯದ ಕಾರಣ ಚಿರೋಟಿಯ ಪದರಗಳನ್ನು ನಾನು ಈಗಲೂ ಇದರಲ್ಲೇ ಮಾಡುತ್ತೇನೆ. ಆದರೆ ಹಸಿ ಇರುವಾಗ ಬೆಳ್ಳಗಿರುವ ಅಂಟು ಒಣಗುತ್ತಾ ನಿರ್ವರ್ಣವಾಗುವುದರಿಂದ ಕಲಸಿದ ಬಣ್ಣ ಗಾಢವಾಗುತ್ತದೆ. ಮೈಸೂರ್ ಪಾಕ್‌ಗೆಂದು ಕಲಸಿದ ತಿಳಿ ಹಳದಿ, ಮೂರು ದಿನದಲ್ಲಿ ಅರಿಶಿನದ ಕೊಂಬಿನ ಬಣ್ಣಕ್ಕೆ ತಿರುಗುತ್ತದೆ. ಇದನ್ನು ತಡೆಯಲು ಮೊದಲೇ ಬಿಳಿ ಬಣ್ಣ ಸೇರಿಸಿ, ಬೇಕಾದುದಕ್ಕಿಂತ ತಿಳಿಯಾಗಿ ಕಲಸಿಕೊಳ್ಳಬೇಕು. ಒಣಗುವಾಗ ಕುಗ್ಗುವುದಂತೂ ತಪ್ಪಿದ್ದಲ್ಲ: ಮೂಲೆಗಳು ಮೊದಲು ಒಣಗಿ, ನಡುಭಾಗ ಆಮೇಲೆ ಒಣಗುವುದರಿಂದ ಚೌಕಾಕಾರದ ತುಂಡಿನ ಹೊಟ್ಟೆ ಒಳಕ್ಕೆ ಸೇರಿಕೊಳ್ಳುತ್ತದೆ.

ಇದಕ್ಕೆ ಋತುವಿನ ತೊಡಕೂ ಸೇರುತ್ತದೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ತಿಂಗಳುಗಳು, ಬೊಂಬೆ ಕೂರಿಸುವುದೂ ಆಗಲೇ. ಆ ತೇವದಲ್ಲಿ ಹೊರಗೆ ಒಣಗಿದಂತೆ ಕಂಡ ಉಂಡೆ ಒಳಗೆ ಹಸಿಯಾಗಿಯೇ ಉಳಿದು ಬೂಸಲು ಹಿಡಿಯಬಹುದು. ಹಬ್ಬ ಮುಗಿದ ಮೇಲೆ ಇವು ಬೊಂಬೆಗಳ ಜೊತೆ ಟ್ರಂಕಿನಲ್ಲಿ ಒಂದು ವರ್ಷ ಇರಬೇಕು, ಕಾರ್ನ್‌ಫ್ಲೋರ್ ಎಂದರೆ ಅಪ್ಪಟ ಪಿಷ್ಟ, ಜಿರಳೆಗೂ ಪುಸ್ತಕ ತಿನ್ನುವ ಬೆಳ್ಳಿಹುಳಕ್ಕೂ ಅದು ಆಹಾರವೇ. ಕೆಳಭಾಗಕ್ಕೂ ಬಿಡದೆ ವಾರ್ನಿಶ್ ಸವರಿದರೆ ಮಾತ್ರ ಸ್ವಲ್ಪ ನೆಮ್ಮದಿ.

ಪಾಲಿಮರ್ ಕ್ಲೇ ಹೆಸರಿಗೆ ಮಾತ್ರ ಮಣ್ಣು. ಅದು ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿಯನ್ನು, ಮೆದುವಾಗಿಡುವ ಎಣ್ಣೆಯಂಥ ದ್ರವದೊಡನೆ ಕಲಸಿದ ವಸ್ತು. ನೀರಿನ ಅಂಶವಿಲ್ಲದ ಕಾರಣ ಅದು ಮೇಜಿನ ಮೇಲೆ ಒಣಗುವುದೂ ಇಲ್ಲ, ಬೇಯಿಸಿದಾಗ ಎದ್ದುಕಾಣುವಷ್ಟು ಕುಗ್ಗುವುದೂ ಇಲ್ಲ. ಇದರ ಬೆಲೆ ತಿಳಿಯುವುದು ಮೈಸೂರ್ ಪಾಕ್ ಮಾಡುವಾಗ. ಹಳೆಯ ಬಗೆಯ, ಗೂಡುಗೂಡಾದ ಮೈಸೂರ್ ಪಾಕ್ ಕತ್ತರಿಸಿದರೆ ಮೇಲೂ ಕೆಳಗೂ ತಿಳಿ ಹಳದಿ, ನಡುವೆ ಕಂದು ಪಟ್ಟಿ ಕಾಣುತ್ತದೆ, ತಟ್ಟೆಗೆ ಸುರಿದ ಮೇಲೂ ಒಳಗಿನ ಶಾಖಕ್ಕೆ ನಡುಭಾಗ ಬೇಯುತ್ತಲೇ ಇರುವುದು ಇದಕ್ಕೆ ಕಾರಣ. ಕ್ಲೇಯಲ್ಲಿ ಹಳದಿ, ಕಂದು, ಹಳದಿ ಎಂದು ಮೂರು ಹಾಳೆಗಳನ್ನು ಒಂದರ ಮೇಲೊಂದು ಒತ್ತಿ, ಫ್ರಿಜ್‌ನಲ್ಲಿಟ್ಟು ಬಿಗಿಯಾಗಿಸಿ, ಹೊಸ ಬ್ಲೇಡಿನಿಂದ ಒಂದೇ ಒತ್ತಿಗೆ ಕತ್ತರಿಸಬೇಕು. ಆಮೇಲೆ ಕತ್ತರಿಸಿದ ಮೈಯನ್ನು ಸೂಜಿಯಿಂದ ಕೆದರಬೇಕು. ಸೂಜಿಯನ್ನು ನೇರವಾಗಿ ಚುಚ್ಚಿದರೆ ಇಡ್ಲಿಯ ಮೈಯಂತಾಗುತ್ತದೆ, ಓರೆಯಾಗಿ ತೂರಿಸಿ ಮೇಲಕ್ಕೆ ಮೀಟಿದಾಗ ಮಾತ್ರ ತುಪ್ಪ ಉಕ್ಕಿ ಹೋದ ಗೂಡಿನ ರೂಪ ಬರುತ್ತದೆ. ಕೊನೆಗೆ ಕಂದು ಬಣ್ಣದ ಸಾಫ್ಟ್ ಪೇಸ್ಟಲ್ (ಸೀಮೆಸುಣ್ಣದಂಥ ಬಣ್ಣದ ಕಡ್ಡಿ) ಪುಡಿಯನ್ನು ಒಣ ಬ್ರಷ್‌ನಿಂದ ನಡುಪಟ್ಟಿಯ ಅಂಚಿಗೆ ತೀಡಿದರೆ ಎರಡು ಬಣ್ಣಗಳ ನಡುವಿನ ಗೆರೆ ಮಾಸುತ್ತದೆ. ಒಂದು ತುಂಡಿಗೆ ಇಷ್ಟು ಕೆಲಸ. ಕೋಲ್ಡ್ ಪೋರ್ಸೆಲಿನ್ ಆಗಿದ್ದರೆ ಎರಡನೆಯ ತುಂಡಿನ ಸರದಿ ಬರುವಷ್ಟರಲ್ಲಿ ಮೈ ಬಿಗಿದು ಸೂಜಿಗೆ ಹೆಕ್ಕಳಿಕೆಯಾಗಿ ಏಳುತ್ತದೆ. ಪಾಲಿಮರ್ ಆದರೆ ಮೇಲೆ ಒಂದು ಡಬ್ಬಿ ಮುಚ್ಚಿಟ್ಟು ಮರುದಿನ ಮುಂದುವರಿಸಬಹುದು.

ಗೋಕಾಕದ ಕರದಂಟು ಇನ್ನೂ ಸುಲಭ: ಮೊದಲೇ ಬೇಯಿಸಿ ಕೊಚ್ಚಿದ ಬಾದಾಮಿ, ಗೋಡಂಬಿ ಬಣ್ಣದ ಚೂರುಗಳನ್ನು ಕಂದು ಬೆರೆಸಿದ, ಅರೆಪಾರದರ್ಶಕವಾದ ಟ್ರಾನ್ಸ್‌ಲೂಸೆಂಟ್ ಕ್ಲೇಗೆ ಕಲಸಿ, ದಿಂಡು ಮಾಡಿ ಬೇಯಿಸಿ, ಬೆಚ್ಚಗಿರುವಾಗಲೇ ಬಿಲ್ಲೆಗಳಾಗಿ ಕತ್ತರಿಸಿದರೆ ಒಣಹಣ್ಣುಗಳ ಅಡ್ಡಕೊಯ್ತ ತಾನಾಗಿ ಕಾಣುತ್ತದೆ. ಧಾರವಾಡ ಪೇಡಕ್ಕೆ ಬೆಂದ ಮೇಲೆ ತೆಳುವಾಗಿ ಅಂಟು ಸವರಿ ಟಾಲ್ಕಂ ಪುಡಿ ಉದುರಿಸಿದರೆ ಆಯಿತು.

ಇಷ್ಟು ಹೊಗಳಿದ ಮೇಲೆ ಇದರ ಒಂದು ಕಿರಿಕಿರಿಯನ್ನು ವಿವರವಾಗಿಯೇ ಹೇಳಬೇಕು, ಅದು ಬೇಯಿಸುವ ಹಂತದ್ದು. ಫಿಮೊ ಪೊಟ್ಟಣದ ಮೇಲೆ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಎಂದಿರುತ್ತದೆ, ಸ್ಕಲ್ಪಿಗೆ 130ರ ಆಸುಪಾಸು ಬೇಕು. ಬೆಂದದ್ದಕ್ಕೂ ಸೀದದ್ದಕ್ಕೂ ನಡುವಿನ ಅಂತರ ತೀರ ಕಿರಿದು. ನಮ್ಮ ಮನೆಗಳಲ್ಲಿರುವ ಸಣ್ಣ ಓಟಿಜಿಯಲ್ಲಿ (ಓವನ್-ಟೋಸ್ಟರ್-ಗ್ರಿಲ್ಲರ್) ತಿರುಗುಗುಂಡಿಯ ಮೇಲಿನ ಅಂಕೆಯೇ ಬೇರೆ, ಒಳಗಿನ ಬಿಸಿಯೇ ಬೇರೆ. ಮೇಲೂ ಕೆಳಗೂ ಇರುವ ಕಾಯುವ ಕಡ್ಡಿಗಳು ತಟ್ಟೆಗೆ ಗೇಣಿನಷ್ಟೂ ದೂರವಿರುವುದಿಲ್ಲ, ಥರ್ಮೋಸ್ಟಾಟ್ ಅವನ್ನು ಹೊತ್ತಿಸಿದಾಗಲೆಲ್ಲ ಅವು ಕೆಂಪಗೆ ಕಾದು ಎದುರಿಗೆ ಸಿಕ್ಕ ಮೈಯನ್ನು ನೇರವಾಗಿ ಸುಡುತ್ತವೆ. ಜಾಮೂನು, ಪೇಡಗಳಂಥ ಕಂದು ಸಿಹಿಗೆ ಇದರಿಂದ ನಷ್ಟವಿಲ್ಲ, ಇನ್ನೊಂದಿಷ್ಟು ಕಳೆಯೇ ಬಂದೀತು. ಕೊಬ್ಬರಿ ಮಿಠಾಯಿ, ಹಾಲಿನ ಪೇಡ, ಗೋಡಂಬಿ ಬರ್ಫಿಗಳ ಬಿಳುಪು ಮಾತ್ರ ಮೊದಲು ಕೆನೆಯ ಬಣ್ಣಕ್ಕೆ, ಆಮೇಲೆ ಟೀ ಕಲೆಯ ಬಣ್ಣಕ್ಕೆ ತಿರುಗುತ್ತದೆ. ಟ್ರಾನ್ಸ್‌ಲೂಸೆಂಟ್ ಕ್ಲೇಯಂತೂ ಎಲ್ಲಕ್ಕಿಂತ ಮೊದಲು ಹಳದಿಯಾಗುತ್ತದೆ.

ಇದಕ್ಕೆ ಇರುವ ಪರಿಹಾರಕ್ಕೂ ಖರ್ಚು ತಗಲುತ್ತದೆ. ಓವನ್ ಒಳಗೆ ಇಡುವ ಥರ್ಮಾಮೀಟರ್ ಒಂದನ್ನು ಕೊಳ್ಳಲೇಬೇಕು. ತಟ್ಟೆಯ ಬದಲು ಮನೆ ಕಟ್ಟಿದಾಗ ಮಿಕ್ಕ ಸೆರಾಮಿಕ್ ಟೈಲ್ ಇಟ್ಟು, ಅದರ ಮೇಲೆ ಥರ್ಮಾಮೀಟರ್ ಕೂರಿಸಿ, ಖಾಲಿ ಓವನ್ ಇಪ್ಪತ್ತು ನಿಮಿಷ ಕಾದ ಮೇಲೆ ಅಂಕೆ ನೋಡಬೇಕು. ನನ್ನ ಓಟಿಜಿಯಲ್ಲಿ ಗುಂಡಿ ನೂರರಲ್ಲಿದ್ದಾಗ ಒಳಗೆ ನೂರಿಪ್ಪತ್ತೈದು ಇರುತ್ತದೆ, ಆ ಜಾಗಕ್ಕೆ ಗುಂಡಿಯ ಪಕ್ಕದಲ್ಲಿ ಮಾರ್ಕರ್‌ನಿಂದ ಗೆರೆ ಎಳೆದಿಟ್ಟಿದ್ದೇನೆ. ಸಿಹಿಗಳ ಮೇಲೆ ಫಾಯಿಲ್‌ನ ಗುಡಾರ ಮುಚ್ಚಿದರೆ ಕಡ್ಡಿಗಳ ನೇರ ಕಾವು ತಾಗುವುದಿಲ್ಲ. ಹೆದರಿ ತೀರ ಕಡಿಮೆ ಬಿಸಿಯಲ್ಲಿ ತೆಗೆದರೂ ತೊಂದರೆಯೇ: ನೋಡಲು ಸರಿಯಾಗಿದ್ದರೂ ಉಗುರು ತಾಗಿಸಿದೊಡನೆ ಮುರಿಯುತ್ತದೆ. ಆದರೆ ಅರೆಬೆಂದದ್ದನ್ನು ಮತ್ತೆ ಬೇಯಿಸಬಹುದು, ನಡುವೆ ಕರೆಂಟ್ ಹೋದರೂ ಪುನಃ ಆರಂಭಿಸಬಹುದು. ಸೀದದ್ದನ್ನು ಬಿಸಾಡುವುದೊಂದೇ ದಾರಿ. ಹೊಗೆ ಕಂಡರೆ ತಕ್ಷಣ ಸ್ವಿಚ್ ಆರಿಸಿ ಕಿಟಕಿ ತೆರೆಯಬೇಕು, ಮಿತಿಮೀರಿ ಕಾದ ಪಿವಿಸಿಯಿಂದ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಕಣ್ಣು ಮೂಗುಗಳನ್ನು ಉರಿಸುತ್ತದೆ. ಮೈಕ್ರೋವೇವ್ ಇದಕ್ಕೆ ಸಲ್ಲದು.

ಅಡುಗೆಯ ಓವನ್‌ನಲ್ಲಿ ಪ್ಲಾಸ್ಟಿಕ್ ಬೇಯಿಸುವುದಕ್ಕೆ ಮನೆಯಲ್ಲಿ ಆಕ್ಷೇಪ ಬಂದರೆ ಅದು ನ್ಯಾಯವಾದದ್ದೇ. ನಮ್ಮ ಅತ್ತೆಯವರು ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಓವನ್ ಕಡೆಗೆ ಕ್ಲೇ ತರಗೊಡುವುದಿಲ್ಲ, ಹಾಗಾಗಿ ಎಲ್ಲ ಬೇಯಿಸುವಿಕೆಯೂ ಅದಕ್ಕೆ ಮೊದಲೇ ಮುಗಿಯಬೇಕು. ಕೆಲಸಕ್ಕೆ ಒಮ್ಮೆ ಬಳಸಿದ ಟೈಲ್, ಬ್ಲೇಡ್, ಲಟ್ಟಣಿಗೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಪಾಕದ ಹೊಳಪಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಪಾಲಿಮರ್ ಕ್ಲೇಗೆ ನೇಲ್ ಪಾಲಿಶ್ ಬೇಡ, ಹಲವು ಸ್ಪ್ರೇ ವಾರ್ನಿಶ್‌ಗಳೂ ಅದರ ಮೇಲೆ ಅಂಟಂಟಾಗಿ ಉಳಿಯುತ್ತವೆ. ನೀರು ಆಧಾರಿತ (ವಾಟರ್ ಬೇಸ್ಡ್) ವಾರ್ನಿಶ್ ಸಾಕು, ಜಾಮೂನಿನ ಬಟ್ಟಲಿಗೆ ಪಾಕ ತುಂಬಬೇಕಾದರೆ ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಪಾರದರ್ಶಕ ದ್ರವವಾದ ಯುವಿ ರೆಸಿನ್. ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಕ್ಲೇ ಕಲ್ಲಿನಂತೆ ಗಟ್ಟಿಯಾದರೂ ಬೆರಳಿಗೆ ಮೆತ್ತಿಕೊಳ್ಳುವುದರಿಂದ ಅದನ್ನು ಅಂಗಡಿಯ ಕಟ್ಟೆಗೆ ಬಿಟ್ಟು ಸಿಹಿಗೆ ಬಳಸಲಿಲ್ಲ.

ನನಗೆ ಕೆಲಸಕ್ಕೆ ಸಿಗುವುದು ರಾತ್ರಿ ಊಟದ ನಂತರದ ಸ್ವಲ್ಪ ಹೊತ್ತು, ಅದೂ ತುಂಡುತುಂಡಾಗಿ. ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಕ್ಲೇ ಬೇಕಿತ್ತು, ಓಟಿಜಿ ಮನೆಯಲ್ಲಿ ಮೊದಲೇ ಇತ್ತು. ಹಾಗಾಗಿ ಪಾಲಿಮರ್ ನನಗೆ ಹೊಂದಿತು. ಬಿಳಿ, ಟ್ರಾನ್ಸ್‌ಲೂಸೆಂಟ್, ಹಳದಿ, ಕಂದು, ಕಿತ್ತಳೆ ಇಷ್ಟೇ ಬಿಲ್ಲೆ ಕೊಂಡರೆ ಮಿಕ್ಕ ಬಣ್ಣಗಳನ್ನೆಲ್ಲ ಬೆರೆಸಿಕೊಳ್ಳಬಹುದು; ಪಿಸ್ತಾ ಹಸಿರಿಗೆ ಮಾತ್ರ ನೀಲಿಯ ಚೂರು ಬೇಕಾಗುತ್ತದೆ. ಓವನ್ ಇಲ್ಲದವರು ಇದಕ್ಕಾಗಿಯೇ ಒಂದನ್ನು ಕೊಳ್ಳುವಷ್ಟು ಇದು ದೊಡ್ಡ ವಿಷಯವಲ್ಲ. ಅವರು ಏಪ್ರಿಲ್ ಬಿಸಿಲಿನಲ್ಲೇ ಕಾರ್ನ್‌ಫ್ಲೋರ್ ಹಿಟ್ಟಿನಿಂದ ಲಾಡು, ಜಿಲೇಬಿ, ಹೋಳಿಗೆ ಮಾಡಿ ಚೆನ್ನಾಗಿ ಒಣಗಿಸಿ ವಾರ್ನಿಶ್ ಹಚ್ಚಿಡಲಿ, ಮೈಸೂರ್ ಪಾಕ್ ಆಸೆಯನ್ನು ಬಿಡಲಿ. ಯಾವುದರಲ್ಲಿ ಮಾಡಿದರೂ ಬೊಂಬೆ ನೋಡಲು ಬರುವ ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಪ್ರತಿಯೊಂದನ್ನೂ ತಟ್ಟೆಗೆ ಅಂಟಿಸಿಡಬೇಕು. ಮಿಕ್ಕ ಹಸಿ ಪಾಲಿಮರ್ ಕ್ಲೇಯನ್ನು ಗಾಜಿನಂತೆ ಹೊಳೆಯುವ ಪಾಲಿಸ್ಟೈರೀನ್ ಡಬ್ಬಿಯಲ್ಲಿ ಇಡಬಾರದು, ಅದರೊಳಗಿನ ದ್ರವಕ್ಕೆ ಆ ಡಬ್ಬಿ ಕರಗಿ ಮೆತ್ತಿಕೊಳ್ಳುತ್ತದೆ. ತಳದಲ್ಲಿ 5 ಎಂಬ ಅಂಕೆಯಿರುವ ಡಬ್ಬಿಯಲ್ಲಿಟ್ಟು ಬಿಸಿಲು ತಾಗದ ಕಡೆ ಎತ್ತಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ.