ಸಂತೆಯಿಂದ ಮೈದಾನಕ್ಕೆ ಎಷ್ಟು ನಡಿಗೆ? ಮೂರು ಊರು, ಮೂರು ಶನಿವಾರ

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೆಲಸಕ್ಕಿದ್ದ ವರ್ಷ ದೊಡ್ಡ ಕ್ಲಬ್‌ಗಳ ಫುಟ್‌ಬಾಲ್ ಆಟ ನೋಡುವ ಆಸೆ ಇತ್ತು. ಟಿಕೆಟ್ ಹುಡುಕಿ ಹುಡುಕಿ ಸಾಕಾಯಿತು. ಮೊದಲು ಸದಸ್ಯರಾಗಬೇಕು, ಆಮೇಲೆ ಸರದಿ ಕಾಯಬೇಕು, ಕೊನೆಗೆ ಸಿಕ್ಕರೂ ಕೂರುವ ಜಾಗ ಆಕಾಶದಲ್ಲಿ. ಜೊತೆಗಿದ್ದ ದಾವಣಗೆರೆಯ ಗೆಳೆಯ ಒಂದಿನ ಅಂದ: "ಬಿಡಲೇ ಆ ದೊಡ್ಡೋರ ಸಹವಾಸ. ಸಣ್ಣ ಊರಿನ ಆಟಕ್ಕೆ ಹೋಗೋಣ. ಇಪ್ಪತ್ತು ಪೌಂಡು ಆಸುಪಾಸು ಕೊಟ್ರೆ ಆಟಗಾರನ ಬೆವರೂ ಕಾಣ್ತದೆ."

ಹಾಗೆ 2024-25ರ ಸೀಸನ್‌ನಲ್ಲಿ ಮೂರು ಊರು ಆರಿಸಿಕೊಂಡೆವು. ಯೋವಿಲ್, ನೇಲ್ಸ್‌ವರ್ತ್, ಹೆರೆಫರ್ಡ್. ಯೋವಿಲ್ ಟೌನ್ ಮತ್ತು ನೇಲ್ಸ್‌ವರ್ತ್‌ನ ಫಾರೆಸ್ಟ್ ಗ್ರೀನ್ ರೋವರ್ಸ್ ಆಗ ಐದನೇ ಹಂತದಲ್ಲಿದ್ದವು, ಹೆರೆಫರ್ಡ್ ಆರನೇ ಹಂತದಲ್ಲಿ. ಗೆದ್ದರೆ ಮೇಲಕ್ಕೆ, ಸೋತರೆ ಕೆಳಕ್ಕೆ ಹೋಗುವ ಏಣಿ ಇದು, ಮೇಲಿನ ನಾಲ್ಕು ಹಂತಕ್ಕೆ ಲೀಗ್ ಅನ್ನುತ್ತಾರೆ. ಮೂರೂ ಬ್ರಿಸ್ಟಲ್‌ನಿಂದ ಹೋಗಿ ಅದೇ ದಿನ ವಾಪಸ್ ಬರುವಷ್ಟು ದೂರ.

ಮೂರೂ ಸಂತೆ ಊರುಗಳು ಅನ್ನಬಹುದು. ಇಂಗ್ಲೆಂಡಿನಲ್ಲಿ ಸಂತೆ ನಡೆಸಲು ಒಂದು ಕಾಲದಲ್ಲಿ ರಾಜನ ಅಪ್ಪಣೆ ಬೇಕಿತ್ತು. ಅಪ್ಪಣೆ ಸಿಕ್ಕ ಊರಿಗೆ ಸುತ್ತಲಿನ ಹಳ್ಳಿಯವರು ವಾರಕ್ಕೊಮ್ಮೆ ಬರೋರು. ಆಮೇಲೆ ಅಲ್ಲಿ ಒಂದೊಂದು ಕಸುಬು ಬೇರು ಬಿಟ್ಟಿತು. ಯೋವಿಲ್‌ಗೆ ಚರ್ಮದ ಕೈಗವಸು, ನೇಲ್ಸ್‌ವರ್ತ್‌ಗೆ ಉಣ್ಣೆ ಬಟ್ಟೆ, ಹೆರೆಫರ್ಡ್‌ಗೆ ದನ. ಆಟ ಮಧ್ಯಾಹ್ನ ಮೂರಕ್ಕೇ ಯಾಕೆ ಶುರು ಗೊತ್ತಾ? 1850ರ ಕಾರ್ಖಾನೆ ಕಾಯ್ದೆ ಜವಳಿ ಗಿರಣಿಗಳಲ್ಲಿ ಶನಿವಾರ ಎರಡಕ್ಕೆ ಕೆಲಸ ನಿಲ್ಲಿಸಿತು. ಬರಬರುತ್ತಾ ಉಳಿದ ಕಡೆಯೂ ಅರ್ಧ ದಿನದ ರಜೆ ಬಂತು. ಕೆಲಸ ಬಿಟ್ಟು, ಒಂದಿಷ್ಟು ತಿಂದು, ಮೈದಾನಕ್ಕೆ ನಡೆದು ಬರುವ ಹೊತ್ತಿಗೆ ಮೂರು ಗಂಟೆ.

ಈ "ನಡೆದು ಬರುವ" ಅನ್ನೋದೇ ನನ್ನ ಅಳತೆಗೋಲು. ಸಂತೆ ಬೀದಿಯಿಂದ ಮೈದಾನಕ್ಕೆ ಎಷ್ಟು ನಡಿಗೆ ಅಂತ ನೋಡಿದರೆ ಊರಿಗೂ ಕ್ಲಬ್ಬಿಗೂ ಇನ್ನೂ ನೆಂಟಸ್ತಿಕೆ ಇದೆಯಾ ಅನ್ನೋದು ತಿಳಿಯುತ್ತೆ. ಗೆಳೆಯನ ಅಳತೆಗೋಲು ಬೇರೆ. ಅವನು ಪಕ್ಕಾ ಸಸ್ಯಾಹಾರಿ. "ಹೊಟ್ಟೆಗೆ ಏನು ಸಿಗ್ತದೆ ಮೊದ್ಲು ಹೇಳು" ಅನ್ನುವವನು.

ಯೋವಿಲ್‌ಗೆ ಮೊದಲು ಹೋದೆವು. ಬ್ರಿಸ್ಟಲ್‌ನಿಂದ ಬಾತ್ ಮೇಲೆ ಸಾಗುವ ಸಣ್ಣ ರೈಲು, ಕಿಟಕಿಯಾಚೆ ಬರೀ ಹುಲ್ಲುಗಾವಲು. ಪೆನ್ ಮಿಲ್ ಅನ್ನೋ ಸ್ಟೇಷನ್‌ನಲ್ಲಿ ಇಳಿದು, "ಸಣ್ಣ ಊರು ತಾನೇ, ನಡೆದುಬಿಡೋಣ" ಅಂದವನು ನಾನೇ. ಮೈದಾನ ಇರೋದು ಊರಿನ ಇನ್ನೊಂದು ತುದಿಯಲ್ಲಿ. ಏರು, ಇಳಿಜಾರು, ರಿಂಗ್ ರಸ್ತೆ, ಮತ್ತೆ ಏರು. ಒಂದು ಗಂಟೆ ಮೇಲಾಯಿತು. ಗೆಳೆಯ ಕೊನೆಯ ಅರ್ಧ ಗಂಟೆ ಮಾತೇ ಆಡಲಿಲ್ಲ.

ಈಗಿನ ಹ್ಯೂಯಿಶ್ ಪಾರ್ಕ್ 1990ರಲ್ಲಿ ಹಳೇ ಸೇನಾ ಶಿಬಿರದ ಜಾಗದಲ್ಲಿ ಎದ್ದಿದ್ದು. ಅದಕ್ಕೂ ಮೊದಲು ಕ್ಲಬ್ ಊರ ಮಧ್ಯದ ಹ್ಯೂಯಿಶ್ ಮೈದಾನದಲ್ಲಿತ್ತು. ಆ ಮೈದಾನದ ಕಥೆ ಕೇಳಬೇಕು. ಒಂದು ಪಕ್ಕದ ಗೆರೆಯಿಂದ ಇನ್ನೊಂದು ಪಕ್ಕದ ಗೆರೆಗೆ ಸುಮಾರು 8 ಅಡಿ ಇಳಿಜಾರು. ಚೆಂಡು ಸುಮ್ನೆ ಇಟ್ಟರೂ ಉರುಳಬೇಕು. ಅಲ್ಲಿನ ಹುಡುಗರಿಗೆ ಅದು ಅಂಗೈಗೆರೆಯಷ್ಟು ಪರಿಚಯ, ಹೊರಗಿನವರಿಗೆ ಯಮಯಾತನೆ.

1949ರ ಜನವರಿ 29ರಂದು ಎಫ್‌ಎ ಕಪ್ ಪಂದ್ಯಕ್ಕೆ ಅಲ್ಲಿಗೆ ಸಂಡರ್‌ಲ್ಯಾಂಡ್ ಬಂತು. ದೊಡ್ಡವರು, ಸಣ್ಣವರು ಎಲ್ಲ ಸೇರಿ ಆಡುವ, ಸೋತವರು ಮನೆಗೆ ಹೋಗುವ ಕಪ್ ಅದು. ಆಗಿನ ಕಾಲಕ್ಕೆ ದುಡ್ಡಿನ ಕ್ಲಬ್, ಲೆನ್ ಶಾಕಲ್‌ಟನ್ ಥರದ ಆಟಗಾರರು. ಎದುರಿಗೆ ಲೀಗ್‌ನ ಹೊರಗಿದ್ದ ಯೋವಿಲ್. ಗೋಲ್‌ಕೀಪರ್ ಡಿಕಿ ಡೈಕ್ ವಕೀಲರ ಕಚೇರಿಯ ಗುಮಾಸ್ತ. ಮ್ಯಾನೇಜರ್ ಅಲೆಕ್ ಸ್ಟಾಕ್ ತಾನೂ ಅಂಗಿ ತೊಟ್ಟು ಆಡಿದರು, ಮೊದಲ ಗೋಲನ್ನೂ ಅವರೇ ಹೊಡೆದರು. ಸಂಡರ್‌ಲ್ಯಾಂಡ್ ಸಮ ಮಾಡಿತು. ಯುದ್ಧ ಮುಗಿದ ಹೊಸತು. ವಾರದ ಮಧ್ಯೆ ಮರುಪಂದ್ಯ ಇಟ್ಟರೆ ಕಾರ್ಖಾನೆ ಕೆಲಸ ಕೆಡುತ್ತೆ ಅಂತ ಅವತ್ತೇ ಹೆಚ್ಚುವರಿ ಸಮಯ ಆಡಿಸಿದರು. ಮಂಜು ಕವಿಯುತ್ತಿದ್ದ ಹೊತ್ತಲ್ಲಿ ಎರಿಕ್ ಬ್ರಯಂಟ್ ಎರಡನೇ ಗೋಲು ಹೊಡೆದರು. 2-1. ಮುಂದಿನ ಸುತ್ತಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 8-0ಯಿಂದ ಸದೆಬಡಿಯಿತು ಅನ್ನೋದು ಬೇರೆ ಮಾತು. ಯೋವಿಲ್‌ನಲ್ಲಿ ಯಾರೂ ಅದನ್ನು ಎತ್ತಲ್ಲ!

ಆ ಇಳಿಜಾರು ಮೈದಾನ ಈಗ ಸೂಪರ್‌ಮಾರ್ಕೆಟ್ಟು. ವಾಪಸ್ ಬರುವಾಗ ನೀರು ತಗೊಳ್ಳೋಕೆ ಒಳಗೆ ಹೋದೆವು. ಟ್ರಾಲಿ ಒಂದು ಕಡೆಗೆ ಎಳೆಯುತ್ತಾ ಅಂತ ನೋಡಿದೆ. ಎಳೆಯಲಿಲ್ಲ. ನೆಲ ಸಪಾಟು. ಯಾಕೋ ಬೇಜಾರಾಯಿತು.

ಟ್ರಾಲಿ ಅಂದಾಗ ನೆನಪಾಯಿತು, ಡ್ಯಾನ್ ಬರ್ನ್. ಆರೂವರೆ ಅಡಿಯ ಡಿಫೆಂಡರ್. ಹುಡುಗನಾಗಿದ್ದಾಗ ತನ್ನೂರಿನ ಸೂಪರ್‌ಮಾರ್ಕೆಟ್‌ನಲ್ಲಿ ಟ್ರಾಲಿ ತಳ್ಳುತ್ತಿದ್ದವರು. 2013ರಲ್ಲಿ ಎರವಲು ಆಟಗಾರನಾಗಿ ಯೋವಿಲ್‌ನಲ್ಲಿದ್ದರು. ಆ ಮೇ ತಿಂಗಳು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ 2-1 ಗೆದ್ದು ಯೋವಿಲ್ ಎರಡನೇ ಹಂತಕ್ಕೆ ಏರಿತು, ಎರಡನೇ ಗೋಲು ಬರ್ನ್ ಅವರದ್ದು. ಮುಂದೆ ಅವರು ಇಂಗ್ಲೆಂಡಿಗೇ ಆಡಿದರು. ಯೋವಿಲ್ ಮಾತ್ರ ಒಂದೇ ವರ್ಷಕ್ಕೆ ಕೆಳಗಿಳಿದು, 2019ಕ್ಕೆ ಲೀಗ್‌ನಿಂದಲೇ ಹೊರಬಿತ್ತು. ಸಣ್ಣ ಊರಿನ ಕ್ಲಬ್ ಅಂದರೆ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಹತ್ತುವವರು ಹತ್ತುತ್ತಾರೆ, ಸ್ಟ್ಯಾಂಡ್ ಅಲ್ಲೇ ಇರುತ್ತೆ.

ಕ್ಲಬ್ಬಿನ ಅಡ್ಡಹೆಸರು ಇವತ್ತಿಗೂ "ಗ್ಲವರ್ಸ್", ಕೈಗವಸಿನವರು ಅಂತ. ಆದರೆ ಊರಿನ ದೊಡ್ಡ ಚರ್ಮದ ಕಂಪನಿ ಪಿಟ್ಟರ್ಡ್ಸ್, 1826ರಿಂದ ಇದ್ದದ್ದು, 2023ರಲ್ಲಿ ಬಾಗಿಲು ಹಾಕಿತು. ಈಗ ಊರಿಗೆ ಅನ್ನ ಹಾಕುವುದು ಹೆಲಿಕಾಪ್ಟರ್ ಕಾರ್ಖಾನೆ. ಮೈದಾನದ ಆಟ ಚೆನ್ನಾಗಿತ್ತು, ಹುಲ್ಲು ಚೆನ್ನಾಗಿತ್ತು, ಕೂತ ಜಾಗದಿಂದ ಎಲ್ಲ ಕಂಡಿತು. ಆದರೆ ಊರು ಕಾಣಲಿಲ್ಲ. ಅದೇ ನನ್ನ ತಕರಾರು.

ನೇಲ್ಸ್‌ವರ್ತ್‌ನದು ಬೇರೆಯೇ ಕಥೆ. ಸ್ಟ್ರೌಡ್ ತನಕ ರೈಲು, ಅಲ್ಲಿಂದ ನಾಲ್ಕು ಮೈಲಿ ಬಸ್ಸು. ಕಣಿವೆಯೊಳಗಿನ ಊರು, ಹಳೇ ಉಣ್ಣೆ ಗಿರಣಿಗಳು, ಜನ ಆರು ಸಾವಿರಕ್ಕೂ ಕಡಿಮೆ. 2017ರಲ್ಲಿ ಫಾರೆಸ್ಟ್ ಗ್ರೀನ್ ಲೀಗ್‌ಗೆ ಏರಿದಾಗ ಇಷ್ಟು ಸಣ್ಣ ಊರು ಆ ಮಟ್ಟಕ್ಕೆ ಹಿಂದೆಂದೂ ಬಂದಿರಲಿಲ್ಲ. ಮೈದಾನ ಇರೋದು ಗುಡ್ಡದ ನೆತ್ತಿಯ ಮೇಲೆ. ಬಸ್ ಇಳಿದ ಮೇಲೆ ಒಂದು ಮೈಲಿಯಷ್ಟು ಏರು. ನಡಿಗೆ ಕಡಿಮೆ, ಉಸಿರು ಜಾಸ್ತಿ. ಪಕ್ಕದಲ್ಲಿ ಹಸಿರು ಶಾಲು ಹೊದ್ದ ಅಜ್ಜಿಯೊಬ್ಬರು ನಮ್ಮನ್ನು ದಾಟಿಕೊಂಡು ಹೋದರು. ತಿರುಗಿಯೂ ನೋಡಲಿಲ್ಲ.

ಇಲ್ಲಿ ಗೆಳೆಯ ಗೆದ್ದ. ಹಸಿರು ವಿದ್ಯುತ್ತಿನ ಉದ್ಯಮಿ ಡೇಲ್ ವಿನ್ಸ್ 2010ರಲ್ಲಿ ಕ್ಲಬ್ ಹಿಡಿದ ಮೇಲೆ ಮೊದಲು ಕೆಂಪು ಮಾಂಸ ಹೋಯಿತು, ಆಮೇಲೆ ಎಲ್ಲ ಮಾಂಸ, ಕೊನೆಗೆ ಹಾಲು-ಮೊಟ್ಟೆಯೂ ಹೋಯಿತು. ಆಟಗಾರರಿಗೂ ಅದೇ, ನೋಡಲು ಬಂದವರಿಗೂ ಅದೇ. ಹುಲ್ಲಿಗೆ ರಾಸಾಯನಿಕ ಗೊಬ್ಬರ ಇಲ್ಲ. 2018ರಲ್ಲಿ ವಿಶ್ವಸಂಸ್ಥೆ ಇಂಗಾಲ ಸಮತೋಲದ ಕ್ಲಬ್ ಅಂತ ಪತ್ರ ಕೊಟ್ಟಿತು. ಇದನ್ನೆಲ್ಲ ಹೇಳುತ್ತಿದ್ದರೆ ಗೆಳೆಯನ ಕಿವಿಗೆ ಬಿದ್ದದ್ದು ಒಂದೇ. "ಅಂದ್ರೆ ಯಾವ್ದು ಬೇಕಾದ್ರೂ ತಿನ್ಬಹುದಾ? ಕೇಳ್ದೆನೇ?" ಇಂಗ್ಲೆಂಡಿಗೆ ಬಂದ ಮೇಲೆ ಪ್ರತಿ ಕೌಂಟರ್‌ನಲ್ಲೂ "ಇದ್ರಲ್ಲಿ ಏನಿದೆ" ಅಂತ ಕೇಳಿ ಕೇಳಿ ಸುಸ್ತಾಗಿದ್ದವನು. ಅವತ್ತು ಪೈ ಅನ್ನೋ ಹೂರಣದ ತಿಂಡಿ ಎರಡು ತಿಂದ, ಬಾಯಿ ಸುಟ್ಟುಕೊಂಡ, ಮೂರನೆಯದಕ್ಕೆ ಎದ್ದ. ಚಹಾಕ್ಕೆ ಓಟ್ಸ್ ಹಾಲು. ಅದನ್ನು ಚಹಾ ಅಂತ ನಾನು ಒಪ್ಪಲ್ಲ, ಆದರೆ ಆ ಚಳಿಯಲ್ಲಿ ಕುಡಿದೆ.

2023ರ ಜುಲೈನಲ್ಲಿ ಹ್ಯಾನಾ ಡಿಂಗ್ಲಿ ಇಲ್ಲಿ ಹಂಗಾಮಿ ಮ್ಯಾನೇಜರ್ ಆದರು. ಇಂಗ್ಲೆಂಡಿನ ವೃತ್ತಿಪರ ಪುರುಷರ ತಂಡಕ್ಕೆ ಅವರೇ ಮೊದಲ ಮಹಿಳಾ ಮ್ಯಾನೇಜರ್. ಇಷ್ಟು ಸಣ್ಣ ಕ್ಲಬ್ಬಿನ ಹೆಸರು ಇಷ್ಟು ಸಲ ಪತ್ರಿಕೆಗೆ ಬಂದದ್ದು ಸುಳ್ಳಲ್ಲ. ಆದರೆ ನನಗೆ ಅನ್ನಿಸಿದ್ದು ಹೇಳಿಬಿಡ್ತೀನಿ. ಇಲ್ಲಿ ಕ್ಲಬ್ಬಿನ ಗುರುತು ಊರಿನಿಂದ ಹುಟ್ಟಿದ್ದಲ್ಲ, ಒಬ್ಬರ ತಲೆಯಿಂದ ಬಂದದ್ದು. ಒಳ್ಳೇ ತಲೆಯೇ, ಇಲ್ಲ ಅನ್ನಲ್ಲ. ಉಣ್ಣೆಗೂ ಆ ಹಸಿರು ಅಂಗಿಗೂ ಮಾತ್ರ ಸಂಬಂಧ ಇಲ್ಲ. ಗುಡ್ಡ ಬಿಟ್ಟು ಹೆದ್ದಾರಿ ಪಕ್ಕದಲ್ಲಿ ಮರದ ಸ್ಟೇಡಿಯಂ ಕಟ್ಟುವ ಯೋಜನೆಯೂ ಇದೆ, ವಾಸ್ತುಶಿಲ್ಪಿ ಜಹಾ ಹದೀದ್ ಸಂಸ್ಥೆಯ ವಿನ್ಯಾಸ. ಚಿತ್ರದಲ್ಲಿ ಬಲು ಚೆಂದ. ಆ ಅಜ್ಜಿ ಅಲ್ಲಿಗೆ ನಡೆದು ಹೋಗಲಾರರು.

ಹೆರೆಫರ್ಡ್‌ಗೆ ಕೊನೆಗೆ ಹೋದೆವು. ನ್ಯೂಪೋರ್ಟ್‌ನಲ್ಲಿ ರೈಲು ಬದಲಾಯಿಸಬೇಕು. ಕಥೀಡ್ರಲ್, ಅಂದರೆ ಬಿಷಪ್‌ರ ದೊಡ್ಡ ಚರ್ಚ್, ಇರೋದರಿಂದ ಕಾಗದದ ಮೇಲೆ ಇದು ನಗರ. ಕಾಲಿಟ್ಟರೆ ಸಂತೆ ಊರೇ. ಆ ಕಥೀಡ್ರಲ್‌ನಲ್ಲಿ 1300ರ ಸುಮಾರಿಗೆ ಕರುವಿನ ಚರ್ಮದ ಮೇಲೆ ಬರೆದ ಜಗತ್ತಿನ ನಕ್ಷೆ ಇದೆ. ಇಂಡಿಯಾ ಹುಡುಕಿದೆವು. ಸಿಕ್ಕಿತು, ಆನೆ ಸಮೇತ. ಗೆಳೆಯ ಫೋಟೋ ತೆಗೆದು ಅವರಮ್ಮನಿಗೆ ಕಳಿಸಿದ.

ಊರ ನಡುವೆ 1621ರಲ್ಲಿ ಕಟ್ಟಿದ ಕಪ್ಪು-ಬಿಳುಪಿನ ಮರದ ಮನೆ. ಅದರ ಮುಂದೆ ಕಂಚಿನ ಹೋರಿ. ಹೆರೆಫರ್ಡ್ ತಳಿಯ ದನ ಕೆಂಪು ಮೈ, ಬಿಳಿ ಮುಖ, ಗಿಡ್ಡ ಕಾಲು. ನಮ್ಮ ಹಳ್ಳಿಕಾರ್ ಪಕ್ಕ ನಿಲ್ಲಿಸಿದರೆ ಓಟದವನ ಪಕ್ಕ ಕುಸ್ತಿಪಟು ನಿಂತ ಹಾಗೆ. ಈ ಹೋರಿಯಿಂದ ವೈಡ್‌ಮಾರ್ಷ್ ಸ್ಟ್ರೀಟ್ ಹಿಡಿದು ನಡೆದೆವು. ಹತ್ತು ನಿಮಿಷವೂ ಆಗಲಿಲ್ಲ, ಎಡ್ಗರ್ ಸ್ಟ್ರೀಟ್ ಮೈದಾನದ ದೀಪದ ಕಂಬ ಕಾಣಿಸಿತು. ಎದುರಿಗಿರುವ ಅಂಗಡಿ ಸಾಲೇ ಹಳೇ ದನದ ಸಂತೆ ಜಾಗ. 2011ರಲ್ಲಿ ಸಂತೆ ಊರಾಚೆ ಹೋಯಿತು. ಅಲ್ಲೀವರೆಗೆ ಮೈದಾನದ ಪಕ್ಕದಲ್ಲೇ ದನ ಹರಾಜಾಗುತ್ತಿದ್ದವು. ದೊಡ್ಡ ಪಂದ್ಯದ ಮುಂಚೆ ನಿಜವಾದ ಹೋರಿಯನ್ನು ಮೈದಾನದ ಸುತ್ತ ಮೆರವಣಿಗೆ ಮಾಡಿಸುವ ರೂಢಿ ಇಲ್ಲಿದೆ. ಕ್ಲಬ್ಬಿನ ಅಡ್ಡಹೆಸರು "ಬುಲ್ಸ್". ಇದಕ್ಕಿಂತ ನೇರ ನೆಂಟಸ್ತಿಕೆ ಇನ್ನೇನು ಬೇಕು?

ನಾವು ನಿಂತು ನೋಡುವ ಕಡೆ ಟಿಕೆಟ್ ತಗೊಂಡೆವು. ಕಾಂಕ್ರೀಟ್ ಮೆಟ್ಟಿಲು, ಮುಂದೆ ಕಬ್ಬಿಣದ ಕಂಬಿ, ಅದರಾಚೆ ಹುಲ್ಲು. ಎರಡನೇ ಅರ್ಧದಲ್ಲಿ ಬ್ಯಾಕ್ ಆಟಗಾರನೊಬ್ಬ ಥ್ರೋ ಮಾಡಲು ನಮ್ಮ ಮುಂದೇ ಬಂದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕತ್ತಿನಿಂದ ಆವಿ ಏಳುತ್ತಿತ್ತು. ಚೆಂಡನ್ನು ಅಂಗಿಯ ಅಂಚಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಅಂಗಿಯೇ ಒದ್ದೆ. ಹಿಂದಿನಿಂದ ಯಾರೋ "ಬೇಗ ಹಾಕಪ್ಪಾ, ಚಹಾ ಆರ್ತಿದೆ" ಅನ್ನೋ ಅರ್ಥ ಬರೋ ಹಾಗೆ ಕೂಗಿದರು. ಅವನು ನಕ್ಕ. ಎಸೆದ ಚೆಂಡು ನೇರ ಎದುರಾಳಿಯ ಕಾಲಿಗೆ. ಆಗ ಅವನು ನಗಲಿಲ್ಲ, ನಾವೂ ನಗಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಹಿರಿಯರು "ಎಲ್ಲಿಂದ ಬಂದಿರಿ" ಅಂತ ಕೇಳಿದರು. ಶಿವಮೊಗ್ಗ ಅಂದೆ. ತಲೆಯಾಡಿಸಿ, ಕೇಳದೇ ಇದ್ದರೂ 1972ರ ಕಥೆ ಶುರು ಮಾಡಿದರು. ಇಲ್ಲಿ ಯಾರ ಪಕ್ಕ ನಿಂತರೂ ಈ ಕಥೆ ಸಿಗುತ್ತೆ ಅಂತ ಕಾಣುತ್ತೆ. ಅದೇ ಎಫ್‌ಎ ಕಪ್, ಫೆಬ್ರುವರಿ 5, ಕೆಸರು ಗದ್ದೆಯಂಥ ಮೈದಾನ, ಎದುರಿಗೆ ಮೊದಲ ಹಂತದ ನ್ಯೂಕ್ಯಾಸಲ್. ಮುಗಿಯಲು ಕೆಲವೇ ನಿಮಿಷ ಇರುವಾಗ ಹೆರೆಫರ್ಡ್ ಒಂದು ಗೋಲಿನಿಂದ ಹಿಂದಿತ್ತು. ರಾನಿ ರ್‍ಯಾಡ್‌ಫರ್ಡ್, ಕಸುಬಿನಲ್ಲಿ ಬಡಗಿ, ಮೂವತ್ತು ಗಜಕ್ಕೂ ದೂರದಿಂದ ಬೀಸಿದ ಒದೆ ಬಲೆಯ ಮೂಲೆಗೆ ಹೋಯಿತು. ನೋಡಲು ಬಂದಿದ್ದ ಉದ್ದ ಕೋಟಿನ ಹುಡುಗರೆಲ್ಲ ಕೆಸರಿಗೆ ನುಗ್ಗಿದರು. ಹೆಚ್ಚುವರಿ ಸಮಯದಲ್ಲಿ ಬದಲಿ ಆಟಗಾರ ರಿಕಿ ಜಾರ್ಜ್ ಗೆಲುವಿನ ಗೋಲು ಹೊಡೆದರು. ಅದೇ ವರ್ಷ ಹೆರೆಫರ್ಡ್‌ಗೆ ಲೀಗ್‌ನಲ್ಲಿ ಜಾಗ ಸಿಕ್ಕಿತು. ಈ ರಿಕಿ ಜಾರ್ಜ್ ಆಮೇಲೆ ಒಂದು ಕುದುರೆಯಲ್ಲಿ ಪಾಲು ತಗೊಂಡರು. ಅದು 1998ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಅನ್ನೋ ದೊಡ್ಡ ಕುದುರೆ ರೇಸ್ ಗೆದ್ದಿತು! ಕೆಲವರ ಜಾತಕವೇ ಹಾಗೆ.

"ಆ ಕ್ಲಬ್ ಸತ್ತುಹೋಯ್ತು, ಗೊತ್ತಲ್ವಾ?" ಅಂದರು ಹಿರಿಯರು. ಗೊತ್ತಿತ್ತು. ಸಾಲ ತೀರಿಸಲಾಗದೆ 2014ರ ಡಿಸೆಂಬರ್‌ನಲ್ಲಿ ಕೋರ್ಟು ಹೆರೆಫರ್ಡ್ ಯುನೈಟೆಡ್ ಅನ್ನು ಮುಚ್ಚಿಸಿತು. ಮರುವರ್ಷ ಹೆರೆಫರ್ಡ್ ಎಫ್‌ಸಿ ಅನ್ನೋ ಹೊಸ ಹೆಸರಲ್ಲಿ ಒಂಬತ್ತನೇ ಹಂತದಿಂದ ಶುರು. ಅದೇ ಮೈದಾನ, ಅದೇ ಹೋರಿ. 2016ರಲ್ಲಿ ಸಣ್ಣ ಕ್ಲಬ್‌ಗಳ ಕಪ್‌ನ ಫೈನಲ್‌ಗೆ ಸಾವಿರಾರು ಜನ ವೆಂಬ್ಲಿಗೆ ಹೋದರು. ಇನ್ನೊಂದು ಸಂತೆ ಊರು, ಮಾರ್ಪೆತ್, 4-1ರಿಂದ ಸೋಲಿಸಿ ಕಳಿಸಿತು. ಅದನ್ನು ಹೇಳುವಾಗ ಹಿರಿಯರ ಮುಖದಲ್ಲಿ ಬೇಸರ ಇರಲಿಲ್ಲ. "ಸೋಲೋಕಾದ್ರೂ ಒಂದು ಕ್ಲಬ್ ಇತ್ತಲ್ಲ" ಅಂದರು.

ಆಟದ ಗುಣಮಟ್ಟ ನೋಡಿದರೆ ಹೆರೆಫರ್ಡ್ ಮೂರನೇ ಸ್ಥಾನ. ಒಂದು ಹಂತ ಕೆಳಗಿನ ಆಟ, ಉದ್ದುದ್ದ ಒದೆಗಳು, ಕಾಲಿಗಿಂತ ಗಾಳಿಯಲ್ಲೇ ಚೆಂಡು ಜಾಸ್ತಿ. ಊಟಕ್ಕೆ ನಾವು ಪೇಟೆಯಲ್ಲೇ ಆಲೂ ಚಿಪ್ಸ್ ಮತ್ತು ಕರಿ ಸಾಸ್ ತಿಂದಿದ್ದೆವು. ಕರಿ ಅಂತ ಹೆಸರು, ನಮ್ಮ ಯಾವ ಸಾರಿಗೂ ದೂರದ ನೆಂಟನೂ ಅಲ್ಲ. ಆದರೂ ನನ್ನ ಓಟು ಹೆರೆಫರ್ಡ್‌ಗೇ. ಆಟ ಮುಗಿದ ಮೇಲೆ ಜನ ಬಸ್ಸು, ಕಾರು ಅಂತ ಚದುರಲಿಲ್ಲ. ಹೆಚ್ಚಿನವರು ನಡೆದುಕೊಂಡೇ ಪೇಟೆ ಕಡೆ ಹೊರಟರು, ನಾವೂ ಅವರ ನಡುವೆ.

ಮನೆಯಲ್ಲಿ ಮಕ್ಕಳಿದ್ದರೆ, ಮಾಂಸ ತಿನ್ನದಿದ್ದರೆ, ಕಣ್ಣು ಮುಚ್ಚಿ ನೇಲ್ಸ್‌ವರ್ತ್‌ಗೆ ಹೋಗಿ. ಬರೀ ಒಳ್ಳೇ ಆಟ, ಒಳ್ಳೇ ಕುರ್ಚಿ ಸಾಕು ಅನ್ನುವವರಿಗೆ ಯೋವಿಲ್ ಆದೀತು, ಸ್ಟೇಷನ್‌ನಿಂದ ಟ್ಯಾಕ್ಸಿ ಮಾಡಿ, ನನ್ನ ಹಾಗೆ ಜಂಬ ಮಾಡಬೇಡಿ. ಹೆರೆಫರ್ಡ್‌ಗೆ ಹೋಗುವವರು ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ. ಆ ಕಾಂಕ್ರೀಟಿನ ಚಳಿ ಶೂ ದಾಟಿ ಹಿಮ್ಮಡಿಗೆ ಹತ್ತುತ್ತೆ. ನಮ್ಮ ವಾಪಸ್ ರೈಲು ಅವತ್ತು ರದ್ದಾಯಿತು, ಮುಂದಿನದಕ್ಕೆ ಒಂದು ಗಂಟೆ ಕಾದೆವು. ಗೆಳೆಯ ಬೆಂಚಿನ ಮೇಲೆ ಶೂ ಬಿಚ್ಚಿ ಪಾದ ಉಜ್ಜಿಕೊಳ್ಳುತ್ತಾ, "ಗುಡ್ಡದ ಮೇಲಿನ ಪೈ ಬಿಸಿ ಇತ್ತು ಕಣೋ" ಅಂತ ಮೂರು ಸಲ ಹೇಳಿದ.