ಹಾಕಿ ಭವಿಷ್ಯ: ಪಟ್ಟಿ, ಪುಸ್ತಕ, ನನ್ನ ಎಕ್ಸೆಲ್ ಶೀಟ್

ಐಸ್ ಹಾಕಿ ಆಡುವ ಹುಡುಗರಲ್ಲಿ ಮುಂದೆ ಯಾರು ಬೆಳೆಯುತ್ತಾರೆ ಅಂತ ಊಹಿಸಲು ನನ್ನ ಮುಂದಿದ್ದ ದಾರಿ ಮೂರು: ಪುಕ್ಕಟೆ ಪಟ್ಟಿ, ಹುಡುಗರ ಬಗ್ಗೆ ಬರೆದ ದುಡ್ಡಿನ ಪುಸ್ತಕ, ನಾನೇ ಮಾಡಿದ ಎಕ್ಸೆಲ್ ಶೀಟ್. ಮೊದಲೇ ಹೇಳಿಬಿಡುತ್ತೇನೆ, ನಾನು ಎಕ್ಸೆಲ್ ಶೀಟ್ ಪಾರ್ಟಿ. ದುಡ್ಡು ಕೊಟ್ಟು ತಂದ ಪುಸ್ತಕ ಕೈಕೊಟ್ಟ ಮೇಲೆ ಹೀಗಾದೆ. ಹಾಗಾಗಿ ಮೂರನ್ನೂ ಒಂದೇ ಕಣ್ಣಲ್ಲಿ ನೋಡಿದ್ದೇನೆ ಅಂತ ಸುಳ್ಳು ಹೇಳುವುದಿಲ್ಲ.

ಕತೆ ಶುರುವಾಗಿದ್ದು 2012ರಲ್ಲಿ. ಆಗ ನಮ್ಮ ಟೀಮಿನ ಕ್ಲೈಂಟ್ ಟೊರಾಂಟೋದವರು. ಅಲ್ಲಿಯ ನಾಲ್ವರು, ಇಲ್ಲಿಯ ನಾಲ್ವರು ಸೇರಿ ಒಂದು ಆಟ ಕಟ್ಟಿದೆವು. ಎನ್‌ಎಚ್‌ಎಲ್ ಅಂದರೆ ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್. ವರ್ಷಕ್ಕೊಮ್ಮೆ ಅದರ ತಂಡಗಳು ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಅದಕ್ಕೆ ಒಂದು ವಾರ ಮುಂಚೆ ನಾವೂ ತಲಾ ಐದು ಹುಡುಗರನ್ನು ಆರಿಸಬೇಕು. ಮುಂದೆ ಅವರು ಹೊಡೆದ ಗೋಲು, ಕೊಟ್ಟ ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್) ತಲಾ ಒಂದು ಪಾಯಿಂಟ್, ಎಲ್ಲ ನಮ್ಮ ಲೆಕ್ಕಕ್ಕೆ. ಮನೆಯಲ್ಲಿ ಅಪ್ಪನಿಗೆ ಹಾಕಿ ಅಂದರೆ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್. "ಐಸ್ ಮೇಲೆ ಎಂಥ ಹಾಕಿನೋ, ಜಾರಿ ಬೀಳೋ ಆಟ" ಅಂತ ನಗುತ್ತಿದ್ದರು.

ಈಚೆಗೆ ಅಟ್ಟ ಕ್ಲೀನ್ ಮಾಡುವಾಗ ಆ ಮೊದಲ ವರ್ಷದ ಪುಸ್ತಕ ಸಿಕ್ಕಿತು. ಪಿಡಿಎಫ್ ಕೊಂಡು ವಿಜಯನಗರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದೆ. ಅಂಗಡಿಯವನು "ಸಾರ್, ಇದು ಯಾವ ಎಕ್ಸಾಮ್‌ಗೆ?" ಅಂತ ಕೇಳಿದ್ದ. ಒಂದೇ ಬದಿ ಪ್ರಿಂಟ್ ಆಗಿದ್ದರಿಂದ ಹಿಂಬದಿಯಲ್ಲಿ ಅಮ್ಮ ಹಾಲಿನ ಲೆಕ್ಕ ಬರೆದಿದ್ದಾರೆ. ಅದನ್ನು ತಿರುವುತ್ತಾ, ಹಳೆಯ ಶೀಟ್‌ಗಳನ್ನೂ ತೆರೆದು, 2012ರಿಂದ 2016ರವರೆಗೆ ಯಾರ ಭವಿಷ್ಯ ಎಷ್ಟು ನಿಜವಾಯಿತು ಅಂತ ನೋಡಿದೆ.

ಮೊದಲು ಪುಕ್ಕಟೆ ಪಟ್ಟಿ. ಹೊಸ ಹುಡುಗರನ್ನು ಅಳೆಯಲೆಂದೇ ಇರುವ ಎನ್‌ಎಚ್‌ಎಲ್‌ನದೇ ಸೆಂಟ್ರಲ್ ಸ್ಕೌಟಿಂಗ್ ವಿಭಾಗ ಇದನ್ನು ಹೊರಡಿಸುತ್ತದೆ. ತೊಂದರೆ ಏನೆಂದರೆ ಅದು ಒಂದು ಪಟ್ಟಿ ಅಲ್ಲ, ನಾಲ್ಕು. ಉತ್ತರ ಅಮೆರಿಕದಲ್ಲಿ ಆಡುವವರದು ಒಂದು, ಯುರೋಪಿನಲ್ಲಿ ಆಡುವವರದು ಇನ್ನೊಂದು. ಎರಡೂ ಕಡೆಯ ಗೋಲ್‌ಕೀಪರ್‌ಗಳದು ಬೇರೆ ಬೇರೆ. ನಾಲ್ಕರಲ್ಲೂ ಒಂದನೇ ನಂಬರ್ ಇರುತ್ತದೆ. ಇವರಲ್ಲಿ ಯಾರು ಮೇಲು ಅಂತ ಪಟ್ಟಿ ಬಾಯಿ ಬಿಡುವುದಿಲ್ಲ.

ಸ್ಟೇಟ್ ಸಿಲಬಸ್ ಟಾಪರ್, ಸಿಬಿಎಸ್‌ಇ ಟಾಪರ್ ಇಬ್ಬರನ್ನೂ ಒಂದೇ ಪಿಯು ಸೀಟಿಗೆ ತಂದು ನಿಲ್ಲಿಸಿದ ಹಾಗೆ. 2012ರಲ್ಲಿ ಅಮೆರಿಕದ ಪಟ್ಟಿಗೆ ನೈಲ್ ಯಾಕುಪೊವ್ ಒಂದನೇಯವನು, ಯುರೋಪಿನದಕ್ಕೆ ಫಿಲಿಪ್ ಫೋರ್ಸ್‌ಬರ್ಗ್. ನನ್ನ ಸರದಿ ಮೂರನೇದು, ಅಷ್ಟರಲ್ಲಿ ಯಾಕುಪೊವ್ ಹೋಗಿದ್ದ. ಈಗ ಯುರೋಪಿನ ಒಂದು ದೊಡ್ಡದೋ, ಅಮೆರಿಕದ ನಾಲ್ಕು ದೊಡ್ಡದೋ? ಒಂದು ಇಡೀ ಭಾನುವಾರ ಎರಡು ಪ್ರಿಂಟ್‌ಔಟ್‌ಗಳನ್ನು ನೆಲದ ಮೇಲೆ ಹರಡಿಕೊಂಡು, ಸ್ಕೇಲ್ ಇಟ್ಟು ಗೆರೆ ಎಳೆದು ಸೇರಿಸಲು ನೋಡಿದೆ. ಅಮೆರಿಕದ ಮೂವರಿಗೆ ಯುರೋಪಿನ ಒಬ್ಬ ಅಂದುಕೊಂಡೆ. ಆಮೇಲೆ ನಾಲ್ವರಿಗೆ ಒಬ್ಬ. ಲೆಕ್ಕ ಬದಲಾದ ಹಾಗೆಲ್ಲ ಫೋರ್ಸ್‌ಬರ್ಗ್ ಮೇಲೆ ಕೆಳಗೆ ಓಡಾಡಿದ. ಅಂದರೆ ಭವಿಷ್ಯ ಹೇಳುತ್ತಿದ್ದುದು ಪಟ್ಟಿ ಅಲ್ಲ, ನನ್ನ ಸ್ಕೇಲ್.

ಮರುವರ್ಷವೂ ಅದೇ ಗೋಳು. ಅಮೆರಿಕದ ಪಟ್ಟಿಯಲ್ಲಿ ಸೇತ್ ಜೋನ್ಸ್ ಒಂದು, ನೇಥನ್ ಮೆಕಿನನ್ ಎರಡು, ಜೊನಾಥನ್ ಡ್ರೂಅನ್ ಮೂರು. ಯುರೋಪಿನಲ್ಲಿ ಅಲೆಕ್ಸಾಂಡರ್ ಬಾರ್ಕೊವ್ ಒಂದು. ತಂಡಗಳು ಆರಿಸಿದ ಕ್ರಮ ಮೆಕಿನನ್, ಬಾರ್ಕೊವ್, ಡ್ರೂಅನ್, ಜೋನ್ಸ್. ತಮಾಷೆ ನೋಡಿ, ಎರಡು ಪಟ್ಟಿಯ ಇಬ್ಬರು ಒಂದನೇ ನಂಬರಿನವರೂ ಹನ್ನೆರಡು ವರ್ಷದ ಮೇಲೆ ಒಂದೇ ತಂಡದಲ್ಲಿ ಸೇರಿದರು. 2025ರಲ್ಲಿ ಫ್ಲೋರಿಡಾ ತಂಡ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದಾಗ ಬಾರ್ಕೊವ್ ಕ್ಯಾಪ್ಟನ್, ಜೋನ್ಸ್ ಡಿಫೆನ್ಸ್‌ನಲ್ಲಿ.

ಪಟ್ಟಿಯಲ್ಲಿ ಕಾರಣ ಬರೆದಿರುವುದಿಲ್ಲ. ತಪ್ಪಾದರೆ ಯಾಕೆ ತಪ್ಪಾಯಿತು ಅಂತ ಕಲಿಯಲೂ ಆಗದು.

ಇನ್ನು ಪುಸ್ತಕ. ಆಗಿನ ಡಾಲರ್ ರೇಟಿನಲ್ಲಿ ಸುಮಾರು 2,000 ರೂಪಾಯಿ, ಪ್ರಿಂಟಿನ ಖರ್ಚು ಬೇರೆ. ಯಾರು ಹೊರಡಿಸಿದ್ದು ಅನ್ನುವುದು ಬೇಡ ಬಿಡಿ. ಬರವಣಿಗೆ ಚೆನ್ನಾಗಿತ್ತು, ಅದೇ ಮುಳುವಾಯಿತು. ಗ್ರಿಫಿನ್ ರೈನ್‌ಹಾರ್ಟ್ ಎಂಬ ಡಿಫೆನ್ಸ್ ಹುಡುಗನ ಬಗ್ಗೆ ಒಂದೂವರೆ ಪುಟ. ಆರಡಿ ನಾಲ್ಕಿಂಚು, ತಣ್ಣನೆ ಸ್ವಭಾವ, ಅಪ್ಪನೂ ಎನ್‌ಎಚ್‌ಎಲ್ ಆಡಿದವರು. ಗಂಡು ನೋಡಿ ಬಂದವರು ಹೊಗಳುವ ಧಾಟಿ. ಮಾರ್ಜಿನ್‌ನಲ್ಲಿ ನಾನೇ ಕೆಂಪು ಪೆನ್ನಿನಲ್ಲಿ "ಪಕ್ಕಾ" ಅಂತ ಬರೆದಿದ್ದೇನೆ. ಫೋರ್ಸ್‌ಬರ್ಗ್‌ನನ್ನು ಬಿಟ್ಟು ಇವನನ್ನು ಆರಿಸಿದೆ.

ರೈನ್‌ಹಾರ್ಟ್ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಟ್ಟು 37 ಪಂದ್ಯ. ಫೋರ್ಸ್‌ಬರ್ಗ್ ನ್ಯಾಶ್‌ವಿಲ್ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವನಾದ. ನನ್ನ ಸಮಾಧಾನಕ್ಕೆ ಒಂದಿದೆ. ಸಂಬಳ ತೆಗೆದುಕೊಂಡು ಇದೇ ಕೆಲಸ ಮಾಡುವವರೂ ಮುಗ್ಗರಿಸಿದ್ದಾರೆ. ವಾಷಿಂಗ್ಟನ್ ತಂಡ ಫೋರ್ಸ್‌ಬರ್ಗ್‌ನನ್ನು 11ನೇ ಸರದಿಯಲ್ಲಿ ಆರಿಸಿ, ವರ್ಷ ತುಂಬುವ ಮೊದಲೇ ನ್ಯಾಶ್‌ವಿಲ್‌ಗೆ ದಾಟಿಸಿತು. ರೈನ್‌ಹಾರ್ಟ್‌ಗಾಗಿ ಎಡ್ಮಂಟನ್ ತಂಡ 2015ರಲ್ಲಿ ಅವನ ತಂಡ ಐಲ್ಯಾಂಡರ್ಸ್‌ಗೆ ಡ್ರಾಫ್ಟ್‌ನ 16ನೇ ಮತ್ತು 33ನೇ ಸರದಿ ಕೊಟ್ಟಿತು. ಆ 16ರಲ್ಲಿ ಐಲ್ಯಾಂಡರ್ಸ್ ಮ್ಯಾಥ್ಯೂ ಬಾರ್ಜಲ್‌ನನ್ನು ತೆಗೆದುಕೊಂಡರು. ಅವನು ಮೊದಲ ಪೂರ್ತಿ ಸೀಸನ್‌ನಲ್ಲೇ 85 ಪಾಯಿಂಟ್ ಮಾಡಿದ.

2013ರ ಮೇನಲ್ಲಿ ಶೀಟ್ ಶುರು ಮಾಡಿದೆ. ಲೆಕ್ಕ ಸರಳ. ಹುಡುಗ ಜೂನಿಯರ್ ಲೀಗಿನಲ್ಲಿ ಪಂದ್ಯಕ್ಕೆ ಎಷ್ಟು ಪಾಯಿಂಟ್ ಮಾಡಿದ, ಆ ಲೀಗ್ ಎಷ್ಟು ಗಟ್ಟಿ, ಅವನಿಗೆ ವಯಸ್ಸೆಷ್ಟು. ವಯಸ್ಸಿನ ಕಾಲಂ ಸುಮ್ನೆ ಅಲ್ಲ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಬೇಕು ಅಂತ ನಮ್ಮಲ್ಲಿ ಗಲಾಟೆ ಆಗುತ್ತದಲ್ಲ, ಅಲ್ಲಿ ಸೆಪ್ಟೆಂಬರ್ 15ಕ್ಕೆ ಹದಿನೆಂಟು ತುಂಬಬೇಕು. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17. ಎರಡೇ ದಿನಕ್ಕೆ 2015ರ ಡ್ರಾಫ್ಟ್ ತಪ್ಪಿ, 2016ರಲ್ಲಿ ಮೊದಲನೆಯವನಾಗಿ ಹೋದ. ಹಾಗೆ ಒಂದು ವರ್ಷ ಜಾಸ್ತಿ ಬೆಳೆದ ಹುಡುಗನ ಪಾಯಿಂಟಿಗೆ ಸ್ವಲ್ಪ ಕತ್ತರಿ ಹಾಕಬೇಕು.

ಶೀಟ್ ಗೆದ್ದಿದ್ದು ಗಿಡ್ಡ ಹುಡುಗರ ವಿಷಯದಲ್ಲಿ, ಯಾಕೆಂದರೆ ಅದರಲ್ಲಿ ಎತ್ತರದ ಕಾಲಮ್ಮೇ ಇಲ್ಲ. 2014ರಲ್ಲಿ ಬ್ರೇಡನ್ ಪಾಯಿಂಟ್ ಎಂಬ ಹುಡುಗ 72 ಪಂದ್ಯದಲ್ಲಿ 91 ಪಾಯಿಂಟ್ ಮಾಡಿದ್ದ. ಶೀಟ್ ಅವನನ್ನು ಮೇಲೆ ತಂದು ನಿಲ್ಲಿಸಿತು. ಟೊರಾಂಟೋದವರು ನಕ್ಕರು. ನಿಜವಾದ ಡ್ರಾಫ್ಟ್‌ನಲ್ಲಿ ಅವನು 79ನೇಯವನಾಗಿ ಟ್ಯಾಂಪಾಗೆ ಹೋದ. ಆಮೇಲೆ ಎರಡು ಸ್ಟಾನ್ಲಿ ಕಪ್, 2022-23ರಲ್ಲಿ 51 ಗೋಲು. 2016ರಲ್ಲಿ ಅಲೆಕ್ಸ್ ಡಿಬ್ರಿಂಕ್ಯಾಟ್‌ನದೂ ಇದೇ ಕತೆ. ವಯಸ್ಸಿನ ಕತ್ತರಿ ಹಾಕಿದರೂ ಅವನ 60 ಪಂದ್ಯದ 101 ಪಾಯಿಂಟ್ ಜಗ್ಗಲಿಲ್ಲ. ತಂಡಗಳು ಮಾತ್ರ 39ನೇ ಸರದಿಯವರೆಗೆ ಕಾಯಿಸಿದವು.

ಈಗ ಶೀಟಿನ ತಪ್ಪು. ಮೊದಲ ವರ್ಷವೇ ದೊಡ್ಡದು. ಡ್ರೂಅನ್, ಮೆಕಿನನ್ ಇಬ್ಬರೂ ಹ್ಯಾಲಿಫ್ಯಾಕ್ಸ್‌ನ ಒಂದೇ ತಂಡದಲ್ಲಿ ಆಡುತ್ತಿದ್ದರು. ಡ್ರೂಅನ್ 49 ಪಂದ್ಯಕ್ಕೆ 105 ಪಾಯಿಂಟ್, ಮೆಕಿನನ್ 44ಕ್ಕೆ 75. ಮೆಕಿನನ್ ಐದು ತಿಂಗಳು ಚಿಕ್ಕವನು ಅಂತ ಸ್ವಲ್ಪ ಸೇರಿಸಿದರೂ ಡ್ರೂಅನ್‌ನೇ ಮುಂದೆ. ನನ್ನ ಸರದಿ ಬಂದಾಗ ಇಬ್ಬರೂ ಉಳಿದಿದ್ದರು. ಡ್ರೂಅನ್‌ನನ್ನು ತೆಗೆದುಕೊಂಡೆ.

2016-17ರ ಸೀಸನ್ ಮುಗಿದಾಗ ಇಬ್ಬರದೂ ಸರಿಯಾಗಿ 53 ಪಾಯಿಂಟ್. ಅದೂ ಡ್ರೂಅನ್ 73 ಪಂದ್ಯದಲ್ಲಿ, ಮೆಕಿನನ್ 82ರಲ್ಲಿ. ಅವತ್ತು ಈ ಹೋಲಿಕೆ ಬರೆದಿದ್ದರೆ "ನೋಡಿ, ನನ್ನ ಶೀಟ್ ಸರಿ" ಅಂತ ಕಾಲರ್ ಎತ್ತುತ್ತಿದ್ದೆ. ಮರುವರ್ಷ ಮೆಕಿನನ್ 97 ಮಾಡಿದ, ಡ್ರೂಅನ್ 46. 2023-24ರಲ್ಲಿ ಮೆಕಿನನ್ 140 ಪಾಯಿಂಟ್ ಮಾಡಿ ಲೀಗಿನ ಅತಿ ಮೌಲ್ಯದ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಗೆದ್ದ. ಆ ವರ್ಷ ಡ್ರೂಅನ್ ಕೊಲೊರಾಡೋಗೆ ಬಂದು, ಹಳೆಯ ಗೆಳೆಯನ ಪಕ್ಕದಲ್ಲೇ ಆಡಿ 56 ಪಾಯಿಂಟ್ ಮಾಡಿದ. ಯಾಕುಪೊವ್‌ನದು ಇದರ ಉಲ್ಟಾ. ಮೊದಲ ಸೀಸನ್‌ನಲ್ಲಿ 48 ಪಂದ್ಯಕ್ಕೆ 17 ಗೋಲು, ಅವನನ್ನು ಆರಿಸಿದ್ದ ಟೊರಾಂಟೋದ ಗೆಳೆಯ ಹಾರಾಡಿದ. ಕೊನೆಗೆ 350 ಪಂದ್ಯಕ್ಕೆ ಎನ್‌ಎಚ್‌ಎಲ್ ಮುಗಿಯಿತು. ಹಾಗಾಗಿ ಯಾರಾದರೂ ಡ್ರಾಫ್ಟ್ ಆದ ಮೂರೇ ವರ್ಷಕ್ಕೆ ಹಳೆಯ ಭವಿಷ್ಯಕ್ಕೆ ಮಾರ್ಕ್ಸ್ ಹಾಕಿದರೆ ನಾನು ಓದುವುದಿಲ್ಲ.

ಇನ್ನೊಂದು. 2012ರ ಹುಡುಗರನ್ನೂ ಆಮೇಲೆ ಶೀಟಿಗೆ ಹಾಕಿ ನೋಡಿದೆ, ಯಾಕುಪೊವ್‌ನೇ ಮೇಲೆ ಬಂದ. ಲೀಗಿನ ತೂಕ ಸ್ವಲ್ಪ ತಿರುಚಿದರೆ ಫೋರ್ಸ್‌ಬರ್ಗ್‌ನನ್ನು ಮೇಲೆ ತರಬಹುದು. ಉತ್ತರ ಗೊತ್ತಿದ್ದು ಲೆಕ್ಕ ಮಾಡಿದರೆ ಅದು ಕಾಪಿ ಹೊಡೆದ ಹಾಗಲ್ವಾ? ಆ ಶೀಟ್ ಅಳಿಸಿದೆ.

ಮೂರೂ ತಪ್ಪಿಸಿಕೊಂಡವನೂ ಒಬ್ಬನಿದ್ದಾನೆ. ಆಮೇಲೆ ಲೀಗಿನ ದೊಡ್ಡ ಸ್ಟಾರ್ ಆದ ಕಿರಿಲ್ ಕಪ್ರಿಜೊವ್, 2015, 135ನೇ ಸರದಿ. ನಾನು ಮೂರರಲ್ಲಿ ಯಾವುದನ್ನು ನೋಡಿಯೂ ಅವನ ಹೆಸರು ಬರೆದುಕೊಳ್ಳಲಿಲ್ಲ.

ನನ್ನ ಆಯ್ಕೆ ಶೀಟೇ. ಖರ್ಚು ಸೊನ್ನೆ. ಚಳಿಗಾಲದಲ್ಲಿ ಅಲ್ಲಿಯ ರಾತ್ರಿ ಏಳರ ಪಂದ್ಯ ನಮಗೆ ಬೆಳಗಿನ ಜಾವ ಐದೂವರೆಗೆ ಶುರು. ಹಾಲು ತಂದು, ಮಗಳ ಡಬ್ಬಿ ಕಟ್ಟಿ, ಮೆಟ್ರೋ ಹಿಡಿಯುವವನಿಗೆ ಜೂನಿಯರ್ ಹುಡುಗರ ಆಟ ನೋಡುವ ಪುರುಸೊತ್ತು ಎಲ್ಲಿದೆ? ಶನಿವಾರ ಕಾಫಿ ಜೊತೆ ಎರಡು ಗಂಟೆ ಸಿಕ್ಕರೆ ಶೀಟ್ ತುಂಬುತ್ತದೆ. ಪಂದ್ಯ ನೋಡುವ ಟೈಮ್ ಇರುವವರು ಪುಸ್ತಕ ಕೊಳ್ಳಿ, ಓದಿದ್ದನ್ನು ಕಣ್ಣಾರೆ ಪರೀಕ್ಷಿಸಬಹುದು. ಪಟ್ಟಿಯನ್ನು ಮೊದಲ ನಾಲ್ಕೈದು ಹೆಸರಿಗೆ ಮಾತ್ರ ನೋಡುತ್ತೇನೆ.

ಗೋಲ್‌ಕೀಪರ್‌ಗಳಿಗೆ ಶೀಟಿನಲ್ಲಿ ಜಾಗವೇ ಇಲ್ಲ. 2012ರಲ್ಲಿ ಕಾನರ್ ಹೆಲ್ಲೆಬಕ್ 130ನೇಯವನಾಗಿ ಹೋದ. ಆಮೇಲೆ ಮೂರು ಸಲ ಲೀಗಿನ ಅತ್ಯುತ್ತಮ ಗೋಲ್‌ಕೀಪರ್. ಇದನ್ನು ಅಪ್ಪನಿಗೆ ಹೇಳಿದರೆ, "ಗೋಲ್‌ಕೀಪರ್‌ನ ಹದಿನೆಂಟಕ್ಕೇ ನೋಡಿ ಏನೋ ಹೇಳ್ತೀಯ?" ಅಂದರು. ಹಾಗಾಗಿ ಆ ಒಂದು ಆಯ್ಕೆ ಅವರಿಗೇ ಬಿಟ್ಟಿದ್ದೇನೆ. ಕಳೆದ ಸಲ ಪಟ್ಟಿ ಕೊಟ್ಟಾಗ ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ಓದಿ, ಕರೆಯಲು ಸುಲಭವಾದ ಹೆಸರಿನ ಒಬ್ಬನಿಗೆ ಟಿಕ್ ಹಾಕಿ ಕೊಟ್ಟರು.